ಅಪ್ಪನ ಯಮನಿ ಬಿಲಾವಲ್

ಅಪ್ಪ ತೀರಿಕೊಂಡು ಮೂರು ವರ್ಷವಾದ ದಿನ, ಧಾರವಾಡದ ಮನೆಯಲ್ಲಿ ಊಟಕ್ಕೆ ಕರೆದವರೆಲ್ಲ ಹೋದ ಮೇಲೆ, ಅವ್ವ ‘ನಿಮ್ಮಪ್ಪನ ಹಾಡ ಹಚ್ಚು’ ಅಂದಳು. ಅಪ್ಪ ಹಾಡುಗಾರನೇನಲ್ಲ. ‘ನಿಮ್ಮಪ್ಪನ ಹಾಡು’ ಅಂದರೆ ನಮ್ಮ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಯಮನಿ ಬಿಲಾವಲ್. ನಾನು ಫೋನು ತೆಗೆದು, ವರ್ಷಗಳ ಹಿಂದೆ ‘ಮೋಡ’ಕ್ಕೆ ಏರಿಸಿಟ್ಟಿದ್ದ ಅಪ್ಪನ ಸಂಗ್ರಹಕ್ಕೆ ಹೋಗಿ ಅದನ್ನು ಹಚ್ಚಿದೆ. ಶುದ್ಧವಾದ ಧ್ವನಿ, ಒಂದು ಗೊರಗೊರ ಸದ್ದಿಲ್ಲ. ಅವ್ವ ಎರಡು ನಿಮಿಷ ಕೇಳಿ ‘ಇದು ಅಲ್ಲ’ ಅಂದಳು. ಇದೇ ಅವ್ವ, ಹೆಸರು ನೋಡು ಅಂದೆ. ‘ಹೆಸರು ಅದ ಇರಬೋದು. ಅದರಾಗ ನನ್ನ ಕುಕ್ಕರ್ ಸೀಟಿ ಹೊಡೀತದ’ ಅಂದಳು.

ಅವ್ವ ಹೇಳಿದ್ದು ಸರಿಯಾಗಿತ್ತು. ಅಪ್ಪ ಎಂಬತ್ತರ ದಶಕದಲ್ಲಿ ಟೂ-ಇನ್-ಒನ್ ಮುಂದೆ ಕೂತು, ಪ್ಲೇ ಮತ್ತು ರೆಕಾರ್ಡ್ ಗುಂಡಿಗಳನ್ನು ಒಟ್ಟಿಗೆ ಒತ್ತಿ, ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಗಾಯನ ಅದು. ಮೊದಲಿಗೆ ಉದ್ಘೋಷಕರ ದನಿ, ಆಮೇಲೆ ತಂಬೂರಿ. ಆ ಟೂ-ಇನ್-ಒನ್‌ಗೆ ಮನೆಯ ಸದ್ದೂ ಒಳಗೆ ಬರುವ ಚಾಳಿಯಿತ್ತು. ತಂತಿ ಹಚ್ಚದೆ ಇನ್ನೊಂದು ರೇಡಿಯೋದ ಎದುರಿಗೆ ಇಟ್ಟು ರೆಕಾರ್ಡ್ ಮಾಡುತ್ತಿದ್ದ ಅಂತ ಕಾಣುತ್ತದೆ. ಹಾಗಾಗಿ ಮನ್ಸೂರರು ಅಂತರಾಕ್ಕೆ ಏರುವ ಹೊತ್ತಿಗೆ ಸರಿಯಾಗಿ ಅಡಿಗೆ ಮನೆಯಿಂದ ಸೀಟಿ. ಅಪ್ಪ ಆ ಸೀಟಿಗೆ ಎಷ್ಟು ಸಲ ಬೈದನೋ, ಅಷ್ಟೇ ಸಲ ಬಂದವರಿಗೆಲ್ಲ ‘ಕೇಳ್ರಿ, ಈಗ ಬರ್ತದ’ ಎಂದು ಕೇಳಿಸಿಯೂ ಇದ್ದ.

ಆ ಕ್ಯಾಸೆಟ್ಟಿಗೆ ಬೂಸು ಬರುತ್ತಿದೆಯೆಂದು 2014ರಲ್ಲಿ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದೆ. ಹೆಸರಿನ ಜಾಗದಲ್ಲಿ ರಾಗದ ಹೆಸರು, ಕಲಾವಿದರ ಜಾಗದಲ್ಲಿ ಮನ್ಸೂರರ ಹೆಸರು ನಾನೇ ಟೈಪ್ ಮಾಡಿ, ನಾನು ಚಂದಾ ಕಟ್ಟುತ್ತಿದ್ದ ಸೇವೆಯೊಂದಕ್ಕೆ ಏರಿಸಿದೆ. ಏರಿಸಿದ ಮೇಲೆ ಲ್ಯಾಪ್‌ಟಾಪಿನಿಂದ ಅಳಿಸಿಯೂ ಬಿಟ್ಟೆ. ಜಾಗ ಕಡಿಮೆಯಿತ್ತು, ಮೋಡದಲ್ಲಿ ಇದೆಯಲ್ಲ ಎಂಬ ಧೈರ್ಯ ಬೇರೆ. ಆ ಸೇವೆ ಮಾಡಿದ್ದು ಇಷ್ಟು: ನಾನು ಬರೆದ ಹೆಸರುಗಳನ್ನು ತನ್ನ ಭಂಡಾರದ ಹೆಸರುಗಳ ಜೊತೆ ಹೊಂದಿಸಿ ನೋಡಿತು, ಅದೇ ಗಾಯಕ, ಅದೇ ರಾಗ ಸಿಕ್ಕಿತು, ನನ್ನ ಕಡತದ ಬದಲು ಕಂಪನಿಯ ಸ್ಟುಡಿಯೋ ಮುದ್ರಿಕೆಯನ್ನು ಕೊಟ್ಟಿತು. ಅದರ ಲೆಕ್ಕದಲ್ಲಿ ಇದು ಉಪಕಾರ. ಹಳೆಯ ಕೊಳಕು ಪ್ರತಿಗೆ ಬದಲಾಗಿ ಸ್ವಚ್ಛ ಪ್ರತಿ.

ಇದನ್ನು ಬರೀ ತಾಂತ್ರಿಕ ತಪ್ಪು ಎಂದು ಬಿಟ್ಟುಬಿಡಬಹುದು. ಸದ್ದನ್ನೇ ಅಳೆದು ಹೊಂದಿಸುವ ಪದ್ಧತಿಯೂ ಇದೆ, ಅದಾಗಿದ್ದರೆ ಬಹುಶಃ ಹೀಗಾಗುತ್ತಿರಲಿಲ್ಲ. ಆದರೆ ತಿಂಗಳುಗಟ್ಟಲೆ ಇದನ್ನು ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು, ಇದರೊಳಗೆ ಸಂಗೀತ ಎಂದರೇನು ಎಂಬುದರ ಬಗ್ಗೆ ಒಂದು ಗಟ್ಟಿ ತೀರ್ಮಾನವಿದೆ. ಗಾಯಕನ ಹೆಸರು ಮತ್ತು ಹಾಡಿನ ಹೆಸರು ಸೇರಿದರೆ ಒಂದು ‘ವಸ್ತು’, ಅದಕ್ಕೆ ಒಂದು ಅಧಿಕೃತ ರೂಪ, ಉಳಿದವೆಲ್ಲ ನಕಲು. ಸಿನಿಮಾ ಹಾಡಿಗೆ ಈ ತೀರ್ಮಾನ ಹೆಚ್ಚು ಕಡಿಮೆ ಹೊಂದುತ್ತದೆ. ಖಯಾಲಿಗೆ ಹೊಂದುವುದಿಲ್ಲ. ಮನ್ಸೂರರು ಒಂದೇ ಬಂದಿಶನ್ನು ಸೋಮವಾರ ಹಾಡಿದ್ದು ಬೇರೆ, ಗುರುವಾರ ಹಾಡಿದ್ದು ಬೇರೆ. ಜೈಪುರ-ಅತ್ರೌಲಿ ಘರಾಣೆಯ ತಾನುಗಳು ಒಂದರೊಳಗೊಂದು ಹೆಣೆದುಕೊಂಡು ಸಮ್‌ಗೆ ಬರುವ ದಾರಿಯನ್ನು ಅವರು ಪ್ರತಿಸಲ ಹೊಸದಾಗಿ ಹುಡುಕುತ್ತಿದ್ದರು. ಅದಕ್ಕಾಗಿಯೇ ಜನ ಕೇಳಲು ಹೋಗುತ್ತಿದ್ದರು. ಆಕಾಶವಾಣಿ ಧಾರವಾಡದಲ್ಲಿ ಸಂಗೀತ ಸಲಹೆಗಾರರಾಗಿದ್ದ ಅವರ ಗಾಯನವನ್ನು ರೇಡಿಯೋದಲ್ಲಿ ಕೇಳುತ್ತ ಬೆಳೆದ ಈ ಭಾಗದ ಮನೆಗಳಲ್ಲಿ ಇಂಥ ಕ್ಯಾಸೆಟ್ಟುಗಳು ಇನ್ನೂ ಇರಬೇಕು. ಅವುಗಳಲ್ಲಿ ಎಷ್ಟೋ ಗಾಯನಗಳು ಬೇರೆಲ್ಲೂ ಇಲ್ಲದಿರಬಹುದು. ಭಂಡಾರದ ಕಣ್ಣಿಗೆ ಮಾತ್ರ ಅವೆಲ್ಲ ಒಂದೇ ಯಮನಿ ಬಿಲಾವಲ್.

ಹಾಗೆಂದು ಸ್ಟ್ರೀಮಿಂಗನ್ನು ಬೈಯುತ್ತ ಕೂರುವವನು ನಾನಲ್ಲ. ಅದು ನನಗೆ ಕೊಟ್ಟದ್ದು ದೊಡ್ಡದು. ಗಂಗೂಬಾಯಿ ಹಾನಗಲ್ಲರ ಗಂಡಸಿನಂಥ ಗಡುಸು ದನಿಯನ್ನಷ್ಟೇ ಕೇಳಿ ಬೆಳೆದವನು ನಾನು. ಅವರ ಆರಂಭದ ರೆಕಾರ್ಡುಗಳ ಮೇಲೆ ಗಾಂಧಾರಿ ಎಂಬ ಹೆಸರಿತ್ತು, ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲಿನ ಆ ದನಿ ಎತ್ತರದ್ದು, ತೆಳುವಾದದ್ದು ಎಂದು ಓದಿದ್ದೆ, ಕೇಳಿರಲಿಲ್ಲ. ಒಂದು ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ, ಯಾರೋ ಸಂಗ್ರಾಹಕರು ಅಂತರ್ಜಾಲಕ್ಕೆ ಏರಿಸಿದ್ದ ಗಾಂಧಾರಿಯನ್ನು ಕೇಳಿದೆ. ಹಾವೇರಿ ದಾಟುವವರೆಗೆ ಅದನ್ನೇ ಮತ್ತೆ ಮತ್ತೆ ಹಚ್ಚಿದೆ. ಅಪ್ಪ ತನ್ನ ಸಂಬಳದಲ್ಲಿ ಜೀವಮಾನವಿಡೀ ಹುಡುಕಿದ್ದರೂ ಆ ರೆಕಾರ್ಡು ಅವನ ಕೈಗೆ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಕೇಳುವುದಕ್ಕೆ ಒಡೆತನ ಬೇಕೇ ಬೇಕು ಎಂದೇನೂ ಇಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡು ಕೇಳಿ ಹುಚ್ಚು ಹಿಡಿಸಿಕೊಂಡು, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವನಿಗೆ ಆ ರೆಕಾರ್ಡು ಸ್ವಂತದ್ದೇನೂ ಆಗಿರಲಿಲ್ಲ. ಅದು ಮೂರು ಚಿಲ್ಲರೆ ನಿಮಿಷದ್ದು. 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಆ ಇಕ್ಕಟ್ಟಿನಲ್ಲೂ ಖಾನ್ ಸಾಹೇಬರು ಒಂದು ರಾಗವನ್ನು ನಿಲ್ಲಿಸಿದರು ಎಂಬುದು ಅವರ ದೊಡ್ಡಸ್ತಿಕೆ.

ಆ ಮೂರು ನಿಮಿಷ ಈಗ ಬೇರೆ ದಾರಿಯಲ್ಲಿ ವಾಪಸು ಬಂದಿದೆ, ಇದರ ಬಗ್ಗೆ ನಮ್ಮ ಸಂಗೀತ ವಿಮರ್ಶೆಯಲ್ಲಿ ಮಾತೇ ಕಾಣುವುದಿಲ್ಲ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ‘ಸ್ಟ್ರೀಮ್’ ಲೆಕ್ಕಕ್ಕೆ ಬರುತ್ತದೆ. ಮೂರು ನಿಮಿಷದ ಹಾಡಿಗೂ ಒಂದು, ಐವತ್ತು ನಿಮಿಷದ ವಿಲಂಬಿತ್ ಖಯಾಲಿಗೂ ಒಂದು. ಒಬ್ಬ ಕೇಳುಗ ಒಂದು ಗಂಟೆ ತೋಡಿ ಕೇಳಿದರೆ ಒಂದು ಎಣಿಕೆ. ಅದೇ ಗಂಟೆಯಲ್ಲಿ ಇಪ್ಪತ್ತು ಸಿನಿಮಾ ಹಾಡು ಕೇಳಿದರೆ ಇಪ್ಪತ್ತು. 2024ರಿಂದ ಇನ್ನೊಂದು ನಿಯಮ: ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸ್ಟ್ರೀಮ್ ಮುಟ್ಟದ ಮುದ್ರಿಕೆಗೆ ರಾಯಲ್ಟಿಯೇ ಇಲ್ಲ. ಧಾರವಾಡದ ಯುವ ಗಾಯಕಿಯೊಬ್ಬಳು ತನ್ನ ಖರ್ಚಿನಲ್ಲಿ ಒಂದು ಅಪರೂಪದ ರಾಗವನ್ನು ಮುಕ್ಕಾಲು ಗಂಟೆ ಹಾಡಿ ಏರಿಸಿದರೆ, ಒಂದು ವರ್ಷದಲ್ಲಿ ಸಾವಿರ ಜನ ಅದನ್ನು ಹಚ್ಚುತ್ತಾರೆಯೇ? ಹಚ್ಚದಿದ್ದರೆ ಸೊನ್ನೆ. ಅದನ್ನೇ ಆಕೆ ಏಳು ತುಂಡು ಮಾಡಿ ಏರಿಸಿದರೆ ಎಣಿಕೆ ಹೆಚ್ಚಾದೀತು, ರಾಗ ಏಳು ತುಂಡಾಗಿರುತ್ತದೆ. 78ರ ತಟ್ಟೆಯ ಇಕ್ಕಟ್ಟು ಮೇಣದ ಮತ್ತು ಅರಗಿನ ಇಕ್ಕಟ್ಟಾಗಿತ್ತು, ಬೇರೆ ಉಪಾಯವಿರಲಿಲ್ಲ. ಇದು ಹಾಗಲ್ಲ. ಜಾಗಕ್ಕೆ ಬರವಿಲ್ಲದ ಕಡೆ ಯಾರೋ ಕೂತು ಹಾಕಿದ ಲೆಕ್ಕ.

ಭಾವಗೀತೆಗೆ ಆದ ನಷ್ಟ ಬೇರೆ ಬಗೆಯದು. ಕನ್ನಡದಲ್ಲಿ ಕ್ಯಾಸೆಟ್ಟು ಎಂಬುದು ಕವಿತೆಯ ಪುಸ್ತಕದ ತಮ್ಮನ ಹಾಗೆ ಬಂತು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನು ಮೈಸೂರು ಅನಂತಸ್ವಾಮಿಯವರು ಕ್ಯಾಸೆಟ್ಟಿಗೆ ತಂದಾಗ, ಜನ ಕೊಂಡದ್ದು ಒಬ್ಬ ಕವಿಯನ್ನು. ಆಮೇಲೆ ಸಿ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಕೆ.ಎಸ್.ನ. ಮನೆಮನೆಗೆ ಹೋದರು. ಅಂಗಡಿಯಲ್ಲಿ ‘ಕೆ.ಎಸ್.ನ. ಕ್ಯಾಸೆಟ್ ಕೊಡ್ರಿ’ ಎಂದು ಕೇಳುತ್ತಿದ್ದರು, ಹಾಡಿದವರ ಹೆಸರಿಗೆ ಎರಡನೆಯ ಜಾಗ. ಮುಚ್ಚಳದ ಒಳಗಿನ ಮಡಿಸಿದ ಕಾಗದದಲ್ಲಿ ಅಚ್ಚಾಗಿರುತ್ತಿದ್ದ ಪದ್ಯಗಳನ್ನು ಹಾಡಿನೊಂದಿಗೆ ಓದಿಯೇ ನನ್ನ ತಲೆಮಾರಿನ ಎಷ್ಟೋ ಜನ ಕವಿತೆಗೆ ಬಂದದ್ದು. ಈಗ ಆಪ್‌ಗಳಲ್ಲಿ ಹಾಡಿನ ಕೆಳಗೆ ಗಾಯಕರ ಹೆಸರಿರುತ್ತದೆ. ಕವಿಯನ್ನು ನೋಡಬೇಕಾದರೆ ಮೂರು ಚುಕ್ಕಿ ಒತ್ತಿ, ‘ಕ್ರೆಡಿಟ್ಸ್’ ಒಳಗೆ ಇಳಿಯಬೇಕು, ಅಲ್ಲಿಯೂ ಎಷ್ಟೋ ಸಲ ಇರುವುದಿಲ್ಲ. ಬೇಂದ್ರೆಯವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಥರ ಬರೆದು ಹುಡುಕಿದರೆ ನಾಲ್ಕು ಬೇಂದ್ರೆಯವರು ಸಿಗುತ್ತಾರೆ, ಒಬ್ಬೊಬ್ಬರಿಗೆ ನಾಲ್ಕೈದು ಹಾಡು. ಕವಿಯನ್ನು ಕಳೆದುಕೊಂಡ ಭಾವಗೀತೆ ನಿದ್ದೆಗೆ, ಮಳೆಗೆ, ಕಾರು ಓಡಿಸುವುದಕ್ಕೆ ಎಂಬ ಪಟ್ಟಿಗಳಲ್ಲಿ ಸೇರಿಕೊಂಡಿದೆ. ನಿದ್ದೆಗೆ ಒಳ್ಳೆಯದು ಎಂದು ಕೆ.ಎಸ್.ನ. ಅವರನ್ನು ಶಿಫಾರಸು ಮಾಡಿದ್ದು ನೋಡಿ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಹಾಡುಗಳ ಕ್ರಮವೂ ಹೋಯಿತು. 2021ರಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಮ್ ಪುಟದಲ್ಲಿ ಹಾಡುಗಳನ್ನು ಕಲಸಿ ಕೇಳಿಸುವ ಗುಂಡಿಯನ್ನು ಮುಂದಿನಿಂದ ತೆಗೆಯಿತು. ಅಷ್ಟು ದೊಡ್ಡ ಗಾಯಕಿ ಹೇಳಿದ್ದಕ್ಕೆ ಆಯಿತು.

ಹಾಗಾದರೆ ಡೌನ್‌ಲೋಡ್ ಮಾಡಿಟ್ಟುಕೋ ಎನ್ನುತ್ತಾರೆ ಗೆಳೆಯರು. ಆ ಶಬ್ದದಲ್ಲಿಯೇ ಒಂದು ಮೋಸ ಸೇರಿಕೊಂಡಿದೆ. ಚಂದಾ ಆಪಿನಲ್ಲಿ ಕೆಳಮುಖ ಬಾಣದ ಗುರುತು ಒತ್ತಿದರೆ ‘ಡೌನ್‌ಲೋಡ್ ಆಯಿತು’ ಎನ್ನುತ್ತದೆ. ಬಂದದ್ದು ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ಅವರ ಹತ್ತಿರ. ಸ್ಪಾಟಿಫೈ ಆದರೆ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಬಂದು ಮುಖ ತೋರಿಸಿ ಹೋಗಬೇಕು. ಚಂದಾ ನಿಂತರೆ ಪೆಟ್ಟಿಗೆ ತೆರೆಯುವುದಿಲ್ಲ. ಕಂಪನಿಗಳ ನಡುವೆ ಒಪ್ಪಂದ ಮುರಿದರೂ ಅಷ್ಟೇ: 2023ರ ಮಾರ್ಚಿನಲ್ಲಿ ಜೀ ಮ್ಯೂಸಿಕ್ ಜೊತೆ ಮಾತುಕತೆ ಕೂಡಿಬರದೆ ಆ ಕಂಪನಿಯ ಹಾಡುಗಳು ಸ್ಪಾಟಿಫೈಯಿಂದ ಒಮ್ಮೆಲೇ ಇಲ್ಲವಾದವು, ಎಷ್ಟೋ ಜನರ ಪಟ್ಟಿಗಳಲ್ಲಿ ಹೆಸರು ಮಾತ್ರ ಬೂದು ಬಣ್ಣದಲ್ಲಿ ಉಳಿಯಿತು. ದುಡ್ಡು ಕೊಟ್ಟು ಕಡತವನ್ನೇ ಕೊಂಡು, ಯಾವ ಯಂತ್ರದಲ್ಲಾದರೂ ಹಚ್ಚಬಹುದಾದ ಡೌನ್‌ಲೋಡ್ ಬೇರೆ. ಐಟ್ಯೂನ್ಸ್ ಅಂಗಡಿ 2003ರಲ್ಲಿ ಬೀಗ ಹಾಕಿದ ಹಾಡುಗಳೊಂದಿಗೆ ಶುರುವಾಗಿ 2009ರಲ್ಲಿ ಬೀಗ ತೆಗೆದಿತ್ತು. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಈಗಲೂ ಹಾಗೆ ಕೊಳ್ಳಬಹುದು. ನಮ್ಮ ಭಾವಗೀತೆಗಳನ್ನು ಹಾಗೆ ಮಾರುವವರನ್ನು ನಾನು ಹುಡುಕಿದೆ, ಬಹಳ ಕಡಿಮೆ.

ಆದರೆ ಡೌನ್‌ಲೋಡ್ ಪಕ್ಷದವರ ಹೆಮ್ಮೆಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಯಾಕೆಂದರೆ ನಾನೇ ಆ ಪಕ್ಷದವನಾಗಿದ್ದೆ. ಹಾಸ್ಟೆಲಿನಲ್ಲಿ ಒಬ್ಬರಿಂದೊಬ್ಬರಿಗೆ ನಕಲು ಮಾಡಿಕೊಂಡ 40 ಜಿ.ಬಿ. ಸಂಗೀತ ನನ್ನ ಹತ್ತಿರ ಇತ್ತು. ಅದರಲ್ಲಿ ಹತ್ತರಲ್ಲೊಂದು ಪಾಲನ್ನೂ ಕೇಳಿರಲಿಲ್ಲ, ಯಾವ ಕಲಾವಿದರಿಗೂ ಒಂದು ಪೈಸೆ ಕೊಟ್ಟಿರಲಿಲ್ಲ. ಮೇಜಿನ ಮೇಲಿಂದ ಹಾರ್ಡ್ ಡಿಸ್ಕ್ ಬಿದ್ದ ದಿನ ಅದೆಲ್ಲ ಹೋಯಿತು, ಏನೇನಿತ್ತು ಎಂದು ನೆನಪಿಸಿಕೊಳ್ಳಲೂ ಆಗಲಿಲ್ಲ. ಅಪ್ಪನ ಹತ್ತಿರ ಇದ್ದದ್ದು ಅರವತ್ತೆರಡು ಕ್ಯಾಸೆಟ್ಟು. ಯಾವುದರ ಯಾವ ಬದಿಯಲ್ಲಿ ಏನಿದೆ ಎಂದು ಕತ್ತಲಲ್ಲಿ ಕೇಳಿದರೂ ಹೇಳುತ್ತಿದ್ದ. ಸಿ-60 ಕ್ಯಾಸೆಟ್ಟಿನ ಒಂದು ಬದಿ ಮೂವತ್ತು ನಿಮಿಷ. ದ್ರುತ್ ಮುಗಿಯುವ ಮೊದಲೇ ಟೇಪು ಮುಗಿದದ್ದನ್ನು ಅವನು ಡಬ್ಬಿಯ ಮೇಲೆ ‘ಅಪೂರ್ಣ’ ಎಂದು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದ. ಇದ್ದದ್ದನ್ನು ಕೇಳುತ್ತಿದ್ದ ಎಂಬುದಕ್ಕೂ ಇದ್ದದ್ದು ಕಡಿಮೆ ಎಂಬುದಕ್ಕೂ ಸಂಬಂಧವಿದೆ, ಅದನ್ನು ನಾನು ಅಲ್ಲಗಳೆಯಲಾರೆ. ಅವನ ಬಡತನವನ್ನೇ ಒಂದು ರಸಿಕತೆ ಎಂದು ಹೊಗಳಲೂ ಮನಸ್ಸಿಲ್ಲ. ಅವನ ಕೈಗೆ ಇವತ್ತಿನ ಫೋನು ಸಿಕ್ಕಿದ್ದರೆ ರಾತ್ರಿಯಿಡೀ ಮಲಗುತ್ತಿರಲಿಲ್ಲ.

ಈಗ ನಾನು ಮಾಡಿಕೊಂಡಿರುವ ವ್ಯವಸ್ಥೆ ಹೀಗೆ: ಹುಡುಕುವುದಕ್ಕೆ, ಹೊಸದನ್ನು ಕೇಳುವುದಕ್ಕೆ ಸ್ಟ್ರೀಮಿಂಗ್. ಹತ್ತು ಸಲ ಕೇಳಿದ್ದು, ಮನೆಗೆ ಸೇರಿದ್ದು ಏನೇ ಆಗಲಿ, ಸಿಕ್ಕರೆ ದುಡ್ಡು ಕೊಟ್ಟು ಕಡತವಾಗಿ ಕೊಳ್ಳುತ್ತೇನೆ. ಮನೆಯಲ್ಲೇ ಹುಟ್ಟಿದ ಮುದ್ರಿಕೆಗಳನ್ನು ಯಾವ ಭಂಡಾರದ ‘ಹೊಂದಾಣಿಕೆ’ಗೂ ಒಪ್ಪಿಸುವುದಿಲ್ಲ, ಎರಡು ಡಿಸ್ಕ್, ಒಂದು ಧಾರವಾಡದಲ್ಲಿ, ಒಂದು ಬೆಂಗಳೂರಿನಲ್ಲಿ. ಹೆಸರಿನ ಜಾಗದಲ್ಲಿ ರಾಗದ ಜೊತೆಗೆ ‘ರೇಡಿಯೋ, ಮನೆಯ ಪ್ರತಿ’ ಎಂದೂ ಬರೆಯುತ್ತೇನೆ.

ಅಪ್ಪನ ಯಮನಿ ಬಿಲಾವಲ್ ಕೊನೆಗೆ ಸಿಕ್ಕಿತು, ನನ್ನ ಜಾಣತನದಿಂದ ಅಲ್ಲ. ಹುಬ್ಬಳ್ಳಿಯ ಅಂಗಡಿಯವರು ಅವತ್ತು ಒಂದು ಸಿ.ಡಿ.ಯನ್ನೂ ಕೊಟ್ಟಿದ್ದರಂತೆ. ಅವ್ವ ಅದನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು, ಇಟ್ಟದ್ದು ಮರೆತಿದ್ದಳು. ಅಂಚು ಸವೆದಿತ್ತು. ಗೆಳೆಯನ ಹಳೆಯ ಕಂಪ್ಯೂಟರಿನಲ್ಲಿ ಹಾಕಿದಾಗ ಇಪ್ಪತ್ತೆರಡು ನಿಮಿಷದವರೆಗೆ ಓದಿತು, ಮುಂದಿನದು ಬರಲಿಲ್ಲ. ಉದ್ಘೋಷಕರು ಇದ್ದಾರೆ, ಅಪ್ಪನ ಒಂದು ಕೆಮ್ಮು ಇದೆ, ಸೀಟಿ ಇದೆ.

ನ್ಯೂಜೆರ್ಸಿಯಲ್ಲಿರುವ ತಂಗಿಗೆ ಆ ಕಡತವನ್ನು ಅವತ್ತೇ ರಾತ್ರಿ ಕಳಿಸಿದೆ. ಅಲ್ಲಿ ಇನ್ನೂ ಮಧ್ಯಾಹ್ನ. ಒಂದು ಗಂಟೆ ಬಿಟ್ಟು ಉತ್ತರ ಬಂತು: ‘ಅಣ್ಣಾ, ಮೂರೇ ಸೀಟಿ ಅದಾವಲ್ಲ. ಅವ್ವ ನಾಕು ಹೊಡಿಸ್ತಿದ್ಲು.’