ಒಂದು ಪಿನ್‌ಬಾಲ್ ಮೇಜಿನ ಗುಣದೋಷ

ಪುಸ್ತಕ, ನಾಟಕ, ಯಕ್ಷಗಾನಗಳ ವಿಮರ್ಶೆ ಬರುವ ಈ ಪುಟಗಳಲ್ಲಿ ಕಂಪ್ಯೂಟರಿನ ಒಂದು ಆಟದ ಮಾತೆತ್ತಿದರೆ ವಾಚಕರು ಹುಬ್ಬೇರಿಸಬಹುದು. ಆದರೆ ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಕಚೇರಿಯಲ್ಲಿ ಕುಳಿತು ಕೆಲಸ ಮಾಡಿದವರಲ್ಲಿ ‘ಸ್ಪೇಸ್ ಕೆಡೆಟ್’ ಎಂಬ ಪಿನ್‌ಬಾಲ್ ಆಟವನ್ನು ಒಮ್ಮೆಯೂ ಆಡದವರು ಕಡಿಮೆ. ಅದನ್ನು ಹೇಗೆ ಕಟ್ಟಿದ್ದಾರೆಂದು ಯೋಚಿಸಿದವರು ಇನ್ನೂ ಕಡಿಮೆ. ನಾವೂ ಯೋಚಿಸಿರಲಿಲ್ಲ. ಮೊನ್ನೆ ಕೊಚ್ಚಿಯ ಮನೆಯಲ್ಲಿ, ಒಂಬತ್ತನೆಯ ತರಗತಿ ಓದುವ ನಮ್ಮ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷ ಅದನ್ನಾಡಿ, "ಅಪ್ಪಾ, ಇದರಲ್ಲಿ ಏನೂ ಇಲ್ಲ, ಬರೀ ಲಾಟರಿ" ಎಂದುಬಿಟ್ಟ. 1967ರಿಂದ ಸರಕಾರವೇ ಲಾಟರಿ ನಡೆಸಿಕೊಂಡು ಬಂದಿರುವ ರಾಜ್ಯದಲ್ಲಿ ಬೆಳೆದ ಹುಡುಗನಿಗೆ ಆ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ನಮಗೆ ಮಾತ್ರ ನಾಟಿತು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಜಾತ್ರೆಯಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಗುಂಡು ಚಿಮ್ಮಿಸುವ ಆಟವನ್ನು ಬಹುಮಂದಿ ನೋಡಿದ್ದಾರೆ. ಪಿನ್‌ಬಾಲ್ ಅದರದೇ ದೊಡ್ಡ ರೂಪ. ಅದು ಅದೃಷ್ಟವೋ ಕೈಚಳಕವೋ ಎಂಬ ಜಗಳ ಹಳೆಯದು. ಜೂಜೆಂದು ಹೇಳಿ ನ್ಯೂಯಾರ್ಕ್ ನಗರ 1942ರಲ್ಲಿ ಅದನ್ನು ನಿಷೇಧಿಸಿತು. ಗುಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಎಂಬ ಕೈಗಳು ಬಂದದ್ದು 1947ರಲ್ಲಿ, ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ. ಅಲ್ಲಿಂದ ಮುಂದೆ ಆಟಗಾರನಿಗೂ ಒಂದು ಪಾತ್ರ ಸಿಕ್ಕಿತು. 1976ರಲ್ಲಿ ರೋಜರ್ ಷಾರ್ಪ್ ಎಂಬುವರು ನ್ಯೂಯಾರ್ಕಿನ ನಗರಸಭೆಯ ಮುಂದೆ ಯಂತ್ರವನ್ನಿಟ್ಟು, ಗುಂಡು ಇಂಥ ಓಣಿಯಲ್ಲೇ ಇಳಿಯುತ್ತದೆಂದು ಮೊದಲೇ ಹೇಳಿ, ಹಾಗೆಯೇ ಇಳಿಸಿದರು, ನಿಷೇಧ ಹೋಯಿತು. ಅದರಲ್ಲಿ ಅದೃಷ್ಟವೂ ಇತ್ತೆಂದು ಅವರೇ ಆಮೇಲೆ ಒಪ್ಪಿಕೊಂಡದ್ದು ಬೇರೆ ಮಾತು!

ನಮ್ಮ ಮೇಜಿನ ವಿಷಯಕ್ಕೆ ಬರೋಣ. ಅಮೆರಿಕದ ಸಿನೆಮಾಟ್ರಾನಿಕ್ಸ್ ಎಂಬ ಸಂಸ್ಥೆ 1995ರಲ್ಲಿ ಇದನ್ನು ತಯಾರಿಸಿತು. ‘ಫುಲ್ ಟಿಲ್ಟ್’ ಎಂಬ ಕಂತೆಯ ಮೂರು ಮೇಜುಗಳಲ್ಲಿ ಇದೊಂದು. ಉಳಿದೆರಡರಲ್ಲಿ ಕಡಲ್ಗಳ್ಳರ ಕಥೆಯೊಂದು, ಡ್ರ್ಯಾಗನ್ನಿನ ಕಥೆಯೊಂದು. ವಿಂಡೋಸಿನೊಡನೆ ಕಚೇರಿಗಳಿಗೆ ಬಂದದ್ದು ಇದು ಮಾತ್ರ. ಆಟಗಾರ ಗಗನನೌಕಾದಳದ ಒಬ್ಬ ಕೆಡೆಟ್. ಕೆಡೆಟ್‌ನಿಂದ ಫ್ಲೀಟ್ ಅಡ್ಮಿರಲ್‌ವರೆಗೆ ಒಂಬತ್ತು ದರ್ಜೆಗಳು.

ವಿಷಯವಸ್ತುವಿರುವ ಮೇಜನ್ನು ತೂಗುವಾಗ ನಾವು ನೋಡಬೇಕಾದದ್ದು ಒಂದೇ: ಆ ವಸ್ತು ಬರಿಯ ಬಣ್ಣದಲ್ಲಿದೆಯೋ, ಗುಂಡಿನ ದಾರಿಯಲ್ಲಿದೆಯೋ? ಗ್ರಹ, ನಕ್ಷತ್ರಗಳ ಚಿತ್ರ ಯಾರಾದರೂ ಬರೆದಾರು. ಇಲ್ಲಿನ ಹೆಚ್ಚುಗಾರಿಕೆ ಬೇರೆ. ಮೊದಲು ಮೂರು ಗುರಿಗಳಿಗೆ ಗುಂಡು ತಾಗಿಸಿ ಒಂದು ಕಾರ್ಯವನ್ನು ಆರಿಸಿಕೊಳ್ಳಬೇಕು. ಅನಂತರ ಉಡಾವಣೆಯ ಏರುದಾರಿಗೆ ಗುಂಡು ಹಾಯಿಸಿ, ಅದನ್ನು ಒಪ್ಪಿಕೊಂಡೆನೆಂದು ತಿಳಿಸಬೇಕು. ಒಪ್ಪಿದ ಕೂಡಲೇ ಇಂಧನದ ದೀಪಗಳು ಒಂದೊಂದಾಗಿ ಆರತೊಡಗುತ್ತವೆ. ನಡುವೆ ಇಂಧನದ ಓಣಿಗೆ ಹೋಗಿ ತುಂಬಿಸಿಕೊಳ್ಳದಿದ್ದರೆ ಕಾರ್ಯ ರದ್ದು. ಅಂಕಗಳು ಲಕ್ಷಗಟ್ಟಲೆ ಏರಿದರೂ, ಒಪ್ಪಿದ ಕಾರ್ಯ ಮುಗಿಸದೆ ದರ್ಜೆ ಏರುವುದಿಲ್ಲ. ಸುಮ್ಮನೆ ಗುಂಡು ಕುಣಿಸುವವನಿಗೂ ಕೆಲಸ ಮಾಡುವವನಿಗೂ ಈ ಮೇಜು ಭೇದ ಮಾಡುತ್ತದೆ. ನಮ್ಮಂಥ ಗುಮಾಸ್ತರಿಗೆ ಇದು ಸಣ್ಣ ಸಂಗತಿಯಲ್ಲ.

ನಾವಿದನ್ನು ಕಲಿತದ್ದು ತಿರುವನಂತಪುರದಲ್ಲಿ. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದನ್ನು ಸೇರಿದ ಹೊಸತು. ಮಲೆಯಾಳ ಬಾರದು, ಸಂಜೆ ಹೋಗಲು ಮನೆಯಿಲ್ಲ, ಲಾಡ್ಜಿನ ಕೋಣೆ. ಆ ವರ್ಷ ಇಲಾಖಾ ಪರೀಕ್ಷೆಯಲ್ಲಿ ಎರಡನೆಯ ಸಲ ಸೋತು, ಇದೆಲ್ಲ ಲಾಟರಿಯೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಕಚೇರಿ ಬಿಟ್ಟ ಮೇಲೆ ಬಾಗಿಲು ಮುಚ್ಚುವವರೆಗೆ ಪಿನ್‌ಬಾಲ್. ಎರಡು ಕೀಲಿಗಳನ್ನೂ ಒಟ್ಟಿಗೆ ಪಟಪಟ ಬಡಿಯುವುದೇ ನಮ್ಮ ವಿದ್ಯೆ. ನಿವೃತ್ತಿಯ ಅಂಚಿನಲ್ಲಿದ್ದ ಸೂಪರಿಂಟೆಂಡೆಂಟರು ಒಂದು ದಿನ ಹಿಂದೆ ನಿಂತು ನೋಡಿದರು. ಬೈಯುತ್ತಾರೆಂದು ಏಳಹೊರಟರೆ, ಕುರ್ಚಿ ಎಳೆದು ಕುಳಿತು "ಪದುಕ್ಕೆ, ಪದುಕ್ಕೆ" ಎಂದರು. ಮೆಲ್ಲಗೆ ಎಂದರ್ಥ. ಒಂದು ಫ್ಲಿಪ್ಪರನ್ನು ಎತ್ತಿ ಹಿಡಿದರೆ ಗುಂಡು ಉರುಳಿ ಬಂದು ಅದರ ಬುಡದಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಕೈ ಬಿಟ್ಟು, ಗುಂಡು ತುದಿಯತ್ತ ಉರುಳುವಾಗ ಯಾವ ಕ್ಷಣದಲ್ಲಿ ಹೊಡೆಯುತ್ತೀರೋ ಅದರಂತೆ ಅದರ ದಿಕ್ಕು. ಬುಡದ ಬಳಿ ಹೊಡೆದರೆ ಒಂದು ದಾರಿ, ತುದಿಯಲ್ಲಿ ಹೊಡೆದರೆ ಇನ್ನೊಂದು. ಅಂದಿನಿಂದ ಆ ಮೇಜು ನಮಗೆ ಬೇರೆಯೇ ಮೇಜಾಯಿತು. ಮೂರನೆಯ ಸಲ ಪರೀಕ್ಷೆಯಲ್ಲಿ ತೇರ್ಗಡೆಯಾದೆವು. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವ ಉದ್ದೇಶ ನಮಗಿಲ್ಲ.

ಅದೇ ಊರಿನ ತುಂಬಾದಿಂದ 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಮೊದಲ ಸೌಂಡಿಂಗ್ ರಾಕೆಟ್, ನೈಕ್-ಅಪಾಚೆ, ಮೇಲೇರಿದ್ದು. ಅಲ್ಲಿನ ಹಳೆಯ ಚರ್ಚಿನ ಕಟ್ಟಡ ಈಗ ಮ್ಯೂಸಿಯಂ. ಊರಿನಿಂದ ಬಂದ ನೆಂಟರನ್ನೆಲ್ಲ ನಾವು ಕರೆದೊಯ್ಯುತ್ತಿದ್ದೆವು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ ಕಾಲವದು. ಗಗನಯಾನವೆಂದರೆ ಬೆಂಕಿ, ಸದ್ದು ಎಂದು ತಿಳಿದವರಿಗೆ, ಅದರ ಬಹುಪಾಲು ಅಪ್ಪಣೆ, ಲೆಕ್ಕ, ಇಂಧನದ ಅಂದಾಜು, ಕಾಯುವಿಕೆ ಎಂಬುದು ಅಲ್ಲಿ ಮನವರಿಕೆಯಾಗುತ್ತದೆ. ಈ ಮೇಜಿನ ರಚನಕಾರರೂ ಅದನ್ನು ಬಲ್ಲವರೆಂದೇ ತೋರುತ್ತದೆ.

ಹಾಗೆಂದು ದೋಷಗಳಿಲ್ಲವೆ? ಮೊದಲನೆಯದಾಗಿ, ಏನು ಮಾಡಬೇಕೆಂಬ ಆದೇಶ ಬರುವುದು ಬಲಗಡೆಯ ಪುಟ್ಟ ಚೌಕದಲ್ಲಿ. ಗುಂಡಿನ ಮೇಲೆ ಕಣ್ಣಿಟ್ಟವನು ಅದನ್ನು ಓದುವುದೆಂತು? ನಮ್ಮ ಮಗ ಓದಲಿಲ್ಲ. ಓದದವನಿಗೆ ಇದು ಲಾಟರಿಯೇ. ಇದನ್ನು ಅವನ ತಪ್ಪೆನ್ನುವುದಕ್ಕಿಂತ ಮೇಜಿನ ತಪ್ಪೆನ್ನಬೇಕು. ಎರಡನೆಯದು, ಫ್ಲಿಪ್ಪರುಗಳ ನಡುವಿನ ಸಂದು. ಮೇಲಿನ ಬಂಪರುಗಳಿಂದ ನೇರವಾಗಿ ಬಿದ್ದ ಗುಂಡಿಗೆ ಯಾವ ಕೌಶಲವೂ ಉತ್ತರವಲ್ಲ. ಮೇಜನ್ನು ತುಸು ಅಲುಗಿಸುವ ಕೀಲಿಯಿದೆ, ನಿಜ. ಅತಿಯಾದರೆ ಫ್ಲಿಪ್ಪರುಗಳೇ ಸತ್ತುಹೋಗುತ್ತವೆ.

ಭೌತಶಾಸ್ತ್ರ ಓದಿದವರ ಒಂದು ತಕರಾರೂ ಇದೆ. ನಿಜವಾದ ಪಿನ್‌ಬಾಲ್ ಮೇಜಿನ ಇಳಿಜಾರು ಸುಮಾರು 6.5 ಡಿಗ್ರಿ, ಎಂದರೆ ಗುರುತ್ವದ ಒಂಬತ್ತನೆಯ ಒಂದು ಪಾಲಷ್ಟೇ ಗುಂಡನ್ನು ಕೆಳಗೆಳೆಯುತ್ತದೆ. ಗುಂಡು 27 ಮಿಲಿಮೀಟರ್ ವ್ಯಾಸದ, 80 ಗ್ರಾಮಿನ ಉಕ್ಕು. ಆ ಭಾರ ಈ ಪರದೆಯ ಗುಂಡಿನಲ್ಲಿ ಅರ್ಧ ಮಾತ್ರ ಬಂದಿದೆ: ಉರುಳುವಾಗ ಉಕ್ಕು, ಪುಟಿಯುವಾಗ ರಬ್ಬರು.

ಮಗ ಮೆಚ್ಚುವುದು ಹಂಗೆರಿಯ ಝೆನ್ ಸ್ಟುಡಿಯೋಸ್‌ನವರ ‘ಸ್ಟಾರ್ ವಾರ್ಸ್’ ಮೇಜುಗಳನ್ನು. ಅವು ಕಣ್ಣಿಗೆ ಹಬ್ಬ, ಸಂಶಯವಿಲ್ಲ. ಸಿನಿಮಾದ ಪಾತ್ರಗಳೇ ಮೇಜಿನ ಮೇಲೆ ನಡೆದಾಡುತ್ತವೆ, ಮಾತಾಡುತ್ತವೆ. ನಮಗೆ ಅಲ್ಲಿ ಗುಂಡಿಗಿಂತ ನಟರ ಗದ್ದಲವೇ ಹೆಚ್ಚೆನಿಸಿತು.

ಸ್ಪೇಸ್ ಕೆಡೆಟ್ ವಿಂಡೋಸಿನಿಂದ ಮರೆಯಾದ ಕಥೆಯನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2012ರಲ್ಲಿ ಬರೆದರು. ಹೊಸ 64 ಬಿಟ್ ಯಂತ್ರಗಳಿಗೆ ಹೊಂದಿಸಹೋದಾಗ ಗುಂಡು ತಾಗಬೇಕಾದಲ್ಲಿ ತಾಗದೆ, ವಸ್ತುಗಳ ಮೂಲಕವೇ ತೂರಿಹೋಗುತ್ತಿತ್ತಂತೆ. ಪ್ರೋಗ್ರಾಮನ್ನು ಹೊರಗಿನವರು ಬರೆದಿದ್ದರು. ವಿವರಣೆಯ ಒಂದು ಸಾಲೂ ಅದರಲ್ಲಿರಲಿಲ್ಲ. ಟಿಪ್ಪಣಿಯಿಲ್ಲದ ಕಡತವನ್ನು ಹಿಂದಿನವರು ಬಿಟ್ಟುಹೋದರೆ ಏನಾಗುತ್ತದೆಂದು ನಮ್ಮ ವಾಚಕರಲ್ಲಿ ಬಹುಮಂದಿಗೆ ಗೊತ್ತು. ಈಚೆಗೆ ಕೆಲವು ಉತ್ಸಾಹಿಗಳು ಹಳೆಯ ಪ್ರೋಗ್ರಾಮನ್ನು ಬಿಚ್ಚಿ ನೋಡಿ ಮತ್ತೆ ಬರೆದದ್ದರಿಂದ ಅದು ಇಂದಿನ ಯಂತ್ರಗಳಲ್ಲೂ ಓಡುತ್ತದೆ.

ಕಳೆದ ಭಾನುವಾರ ಮಗನ ಪಕ್ಕದಲ್ಲಿ ಕುಳಿತು ಫ್ಲಿಪ್ಪರ್ ಎತ್ತಿ ಹಿಡಿಯುವುದನ್ನು ತೋರಿಸಿದೆವು. ಗುಂಡು ಬಂದು ನಿಂತಿತು. ಅವನು ಬಲಗಡೆಯ ಚೌಕವನ್ನು ಮೊದಲ ಸಲ ಓದಿದ. ನಾಲ್ಕು ಸಲ ತಪ್ಪಿ, ಐದನೆಯ ಸಲ ಏರುದಾರಿಗೆ ಹೊಡೆದ. "ಪರವಾಗಿಲ್ಲ" ಎಂದನೇ ಹೊರತು ಲಾಟರಿಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಊಟಕ್ಕೆ ಕರೆ ಬಂದಾಗ ಇಂಧನದ ಎರಡು ದೀಪಗಳು ಉಳಿದಿದ್ದವು.