ತಾನು ಯಾರು, ಒಲವು ಯಾರಲ್ಲಿ

ಶಬ್ದಗಳು ಸಂಕರವಾದಲ್ಲಿ ಅರ್ಥಗಳೂ ಸಂಕರವಾಗುವವು. ಅರ್ಥಗಳು ಸಂಕರವಾದಲ್ಲಿ ಮನುಷ್ಯರಿಗೆ ಅನ್ಯಾಯವಾಗುವದು. ಈ ಮಾತಿಗೆ ಈಗಿನ ಕಾಲದಲ್ಲಿ ಒಂದು ಸ್ಪಷ್ಟವಾದ ನಿದರ್ಶನವು ದೊರೆಯುತ್ತದೆ. ಅಂತರ್ಜಾಲದ ಬಳಗಗಳನ್ನು ಸೇರಬೇಕೆನ್ನುವವರು ತಮ್ಮ ಪರಿಚಯವನ್ನು ಕೊಡಲು ಒಂದು ನಮೂನೆಯನ್ನು ತುಂಬಬೇಕಾಗುವದು. ಹೆಸರು, ಊರು, ವಯಸ್ಸುಗಳ ಬಳಿಕ ಅದರಲ್ಲಿ ‘ಲಿಂಗ’ ಎಂಬ ಅಂಕಣವಿರುವದು. ಕೆಲವು ನಮೂನೆಗಳಲ್ಲಿ ಈ ಒಂದೇ ಅಂಕಣದ ಕೆಳಗೆ ಗಂಡು, ಹೆಣ್ಣು, ತೃತೀಯ ಲಿಂಗಿ, ಸಲಿಂಗಪ್ರೇಮಿ ಎಂದು ಸಾಲಾಗಿ ಬರೆದು, ಇವುಗಳಲ್ಲಿ ಒಂದನ್ನೇ ಆರಿಸಿರೆಂದು ಹೇಳಲಾಗುತ್ತದೆ.

ಮಾವಿನ ಮರಗಳನ್ನು ಕುರಿತು ಕೇಳಿದವನಿಗೆ ಕೋವಿದಾರದ ಮರಗಳನ್ನು ವರ್ಣಿಸಿದಂತೆ ಎಂಬ ನ್ಯಾಯವೊಂದು ಮಹಾಭಾಷ್ಯದ ಕಾಲದಿಂದ ಶಾಸ್ತ್ರಜ್ಞರಲ್ಲಿ ರೂಢವಾಗಿದೆ. ಇಲ್ಲಿಯ ವಿಶೇಷವೇನೆಂದರೆ, ಪ್ರಶ್ನೆಗಾರನೇ ಮಾವನ್ನು ಕೇಳಿ, ತಾನೇ ಮುಂದಿಟ್ಟ ಉತ್ತರಗಳಲ್ಲಿ ಕೋವಿದಾರವನ್ನು ಬೆರೆಸಿರುವನು. ಗಂಡು, ಹೆಣ್ಣು ಎಂಬವು ‘ತಾನು ಯಾರು’ ಎಂಬ ಪ್ರಶ್ನೆಗೆ ಉತ್ತರಗಳು. ಸಲಿಂಗಪ್ರೇಮಿ ಎಂಬುದು ‘ಒಲವು ಯಾರಲ್ಲಿ’ ಎಂಬ ಬೇರೊಂದು ಪ್ರಶ್ನೆಗೆ ಉತ್ತರ. ಪುರುಷನನ್ನು ಒಲಿಯುವ ಪುರುಷನು ಇಂಥ ನಮೂನೆಯಲ್ಲಿ ಪುರುಷನೆಂದು ಬರೆದರೆ ಒಲವನ್ನು ಮರೆಸಬೇಕು. ಒಲವನ್ನು ಬರೆದರೆ ಪುರುಷತ್ವವನ್ನು ಬಿಟ್ಟುಕೊಡಬೇಕು. ಆಯ್ಕೆಗಳನ್ನು ಹೆಚ್ಚಿಸಿದ ಮಾತ್ರದಿಂದ ಈ ದೋಷವು ತೀರದು. 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ಅಮೇರಿಕದ ಬಳಕೆದಾರರಿಗೆ ಲಿಂಗಸೂಚಕವಾದ ಐವತ್ತಕ್ಕೂ ಹೆಚ್ಚು ಹೆಸರುಗಳನ್ನು ಒದಗಿಸಿದಾಗ ಜನರು ಆ ಸಂಖ್ಯೆಯನ್ನು ಕಂಡು ಬೆರಗಾದರು. ಬೆಲೆಯುಳ್ಳ ಸಂಗತಿಯು ಬೇರೆಯದೇ ಇತ್ತು: ಯಾರಲ್ಲಿ ಆಸಕ್ತಿಯೆಂಬುದಕ್ಕೆ ಅಲ್ಲಿ ಪ್ರತ್ಯೇಕವಾದ ಅಂಕಣವಿತ್ತು.

ಈ ವಿವೇಕವನ್ನು ಪಡೆಯಲು ಪರದೇಶದ ಶಾಸ್ತ್ರಗಳನ್ನೇ ಮೊರೆಹೋಗಬೇಕೆಂದಿಲ್ಲ. ಕನ್ನಡದ ಎರಡು ಗ್ರಂಥಗಳನ್ನು ಜೋಡಿಯಾಗಿ ಇಟ್ಟುಕೊಂಡು ಓದಿದರೆ ಸಾಕು. ಒಂದು, ಸಂಡೂರಿನವರಾದ ವಸುಧೇಂದ್ರರು 2013ರಲ್ಲಿ ಪ್ರಕಟಿಸಿದ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ. ಇನ್ನೊಂದು, ಮಂಜಮ್ಮ ಜೋಗತಿಯವರು ಹೇಳಿ ಅರುಣ್ ಜೋಳದಕೂಡ್ಲಿಗಿಯವರು ಬರಹಕ್ಕಿಳಿಸಿದ ಆತ್ಮಕಥನ, ‘ನಡುವೆ ಸುಳಿವ ಹೆಣ್ಣು’. ಎರಡೂ ಬಳ್ಳಾರಿಯ ಸೀಮೆಯಲ್ಲಿ ಹುಟ್ಟಿದವರ ಗ್ರಂಥಗಳು. ಮೋಹನಸ್ವಾಮಿಯಂಥವನಿಗೂ ಜೋಗತಿಗೂ ಬೀದಿಯ ಜನರು ಕೊಡುವ ಬೈಗುಳವು ಒಂದೇ. ಆದರೆ ಬೈಗುಳವು ಒಂದಾದ ಮಾತ್ರಕ್ಕೆ ಬದುಕು ಒಂದಾಗುವದಿಲ್ಲವೆಂಬುದನ್ನು ಈ ಎರಡು ಗ್ರಂಥಗಳು ತೋರಿಸಿಕೊಡುವವು.

ಹಳೆಯ ಕೋಶಗಳೂ ಈ ದೋಷದಿಂದ ಪಾರಾಗಿಲ್ಲ. ಅಮರಕೋಶದ ಮನುಷ್ಯವರ್ಗದಲ್ಲಿ ತೃತೀಯಾ ಪ್ರಕೃತಿ, ಷಂಢ, ಕ್ಲೀಬ, ಪಂಡ, ನಪುಂಸಕ ಎಂಬವು ಪರ್ಯಾಯಪದಗಳಾಗಿ ಒಂದೆಡೆ ಬಂದಿವೆ. ಇವನ್ನು ಕಂಠಸ್ಥಮಾಡುವ ಬಾಲಕನ ಮನಸ್ಸಿನಲ್ಲಿ ಸಂತಾನಶಕ್ತಿಯಿಲ್ಲದವನು, ದೇಹಲಕ್ಷಣವು ಸಂದಿಗ್ಧವಾಗಿರುವವನು, ಹೆಣ್ಣಾಗಿ ಬಾಳುವವನು ಎಲ್ಲರೂ ಒಬ್ಬರೇ ಎಂಬ ಸಂಸ್ಕಾರವು ಬೇರೂರಿಬಿಡುತ್ತದೆ. ವಾತ್ಸ್ಯಾಯನನು ಇದಕ್ಕಿಂತ ಸೂಕ್ಷ್ಮದರ್ಶಿ. ಅವನು ತೃತೀಯಾ ಪ್ರಕೃತಿಯನ್ನು ಹೇಳುವಲ್ಲಿ ಸ್ತ್ರೀರೂಪದಿಂದ ಇರುವವರು, ಪುರುಷರೂಪದಿಂದ ಇರುವವರು ಎಂದು ಎರಡು ಭೇದಗಳನ್ನು ಮಾಡಿದ್ದಾನೆ. ಹೆಸರು ಒಂದೇ ಆದರೂ ಅದರೊಳಗೆ ಬೇರೆಬೇರೆಯವರಿರುವರೆಂಬ ಅರಿವು ಅವನಿಗಿತ್ತು. ಆ ಅರಿವನ್ನು ಪೂರ್ತಿಗೊಳಿಸುವ ಉಪಕರಣವು ಕಾಮಶಾಸ್ತ್ರದಲ್ಲಿಲ್ಲ, ಅಲಂಕಾರಶಾಸ್ತ್ರದಲ್ಲಿದೆ. ರಸವನ್ನು ವಿವರಿಸುವವರು ಭಾವಕ್ಕೆ ಆಶ್ರಯವು ಬೇರೆ, ಆಲಂಬನವು ಬೇರೆ ಎನ್ನುತ್ತಾರೆ. ದುಷ್ಯಂತನಲ್ಲಿ ರತಿಯು ಹುಟ್ಟಿದರೆ ದುಷ್ಯಂತನು ಆಶ್ರಯ, ಶಕುಂತಲೆಯು ಆಲಂಬನ. ‘ತಾನು ಯಾರು’ ಎಂಬುದು ಆಶ್ರಯವನ್ನು ಕುರಿತ ಪ್ರಶ್ನೆ. ‘ಒಲವು ಯಾರಲ್ಲಿ’ ಎಂಬುದು ಆಲಂಬನವನ್ನು ಕುರಿತದ್ದು. ಆಲಂಬನವು ಬೇರೆಯಾದರೆ ಆಶ್ರಯದ ಸ್ವರೂಪವೂ ಬೇರೆಯಾಗುವದೆಂದು ಯಾವ ಆಲಂಕಾರಿಕನೂ ಹೇಳಿಲ್ಲ.

ಈ ದೃಷ್ಟಿಯಿಂದ ‘ಮೋಹನಸ್ವಾಮಿ’ಯನ್ನು ನೋಡತಕ್ಕದ್ದು. ಕಥಾನಾಯಕನು ಪುರುಷನು, ಪುರುಷನಾಗಿಯೇ ಕಾರ್ತಿಕನೆಂಬ ಪುರುಷನನ್ನು ಒಲಿಯುವನು. ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಗೆ ಒದಗುವ ದುಃಖವು ಅಪ್ಪಟ ವಿಪ್ರಲಂಭ. ಸೀರೆಯಾಗಲಿ ಹೊಸ ಹೆಸರಾಗಲಿ ಆ ದುಃಖಕ್ಕೆ ಔಷಧವಲ್ಲ. ಏಕೆಂದರೆ ಅವನ ಕೊರತೆಯು ತನ್ನ ಸ್ವರೂಪದ ಕೊರತೆಯಲ್ಲ, ಒಲಿದವನ ಕೊರತೆ. ಸಂಪ್ರದಾಯನಿಷ್ಠರು ಇದನ್ನು ರಸಾಭಾಸವೆಂದು ತಳ್ಳಿಹಾಕಬಹುದು. ಆದರೆ ಆಭಾಸವನ್ನು ಓದಿದವನು ನಗುವನು, ಇಲ್ಲವೆ ಅಸಹ್ಯಪಡುವನು. ಈ ಕಥೆಗಳನ್ನು ಓದಿದವನ ಹೃದಯವು ಕರಗುತ್ತದೆ. ಸಹೃದಯನ ಹೃದಯಕ್ಕಿಂತ ಹಿರಿದಾದ ಪ್ರಮಾಣವು ಈ ಶಾಸ್ತ್ರದಲ್ಲಿಲ್ಲ. ಗ್ರಂಥಕರ್ತರ ಶಕ್ತಿಯು ವಾದಮಾಡುವದರಲ್ಲಿಲ್ಲ. ಜೊತೆಯಾಗಿ ಬಾಳಿದ ಮನೆಯಲ್ಲಿ ಒಬ್ಬನೇ ಉಳಿಯುವದು ಎಂಥದೆಂಬುದನ್ನು ಅವರು ಯಾವ ಗೃಹಸ್ಥನಿಗಾದರೂ ತಿಳಿಯುವಂತೆ ಹೇಳಿದ್ದಾರೆ. ಕಾರ್ತಿಕನ ಮದುವೆಯನ್ನು ಓದಿದ ಗೃಹಸ್ಥನಿಗೆ ಇನ್ನೊಂದು ಯೋಚನೆಯೂ ಬರಬೇಕು. ಇಂಥ ಹುಡುಗನಿಗೆ ಬಲವಂತವಾಗಿ ಮದುವೆಮಾಡಿ ‘ಸರಿಪಡಿಸುವ’ ಮನೆಗಳಲ್ಲಿ, ಏನೂ ಅರಿಯದೆ ಬಂದ ಸೊಸೆಯ ಬಾಳಿಗೆ ಹೊಣೆ ಯಾರು?

‘ನಡುವೆ ಸುಳಿವ ಹೆಣ್ಣು’ ಗ್ರಂಥದ ಪ್ರಶ್ನೆಯು ಇದಲ್ಲ. ತಳಕಲ್ಲಿನಿಂದ ಹೊಸಪೇಟೆಯ ಕಡೆಗೆ ಹೋಗುವ ರೈಲುಹಾದಿಯಲ್ಲಿ ಕೊಪ್ಪಳವನ್ನು ದಾಟಿದ ಮೇಲೆ ಮುನಿರಾಬಾದ ಸಿಗುವದು. ಅದರ ಮಗ್ಗುಲಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹುಲಿಗೆಮ್ಮನ ಗುಡಿ. ಈ ಸೀಮೆಯ ಮನೆಮನೆಯವರೂ ಹುಣ್ಣಿಮೆಗೆ ನಡೆದುಕೊಳ್ಳುವ ಆ ಗುಡಿಯಲ್ಲಿಯೇ ಮಂಜುನಾಥನೆಂಬ ಹುಡುಗನಿಗೆ ಜೋಗತಿಯ ದೀಕ್ಷೆಯಾಯಿತು. ಮುಂದೆ ಸೀರೆಯುಟ್ಟು, ಭಿಕ್ಷೆ ಬೇಡಿ, ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರಲ್ಲಿ ಕುಣಿತವನ್ನು ಕಲಿತ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಯನ್ನು ಪಡೆದರು. ಈ ಬಾಳಿನಲ್ಲಿ ‘ಒಲವು ಯಾರಲ್ಲಿ’ ಎಂಬುದು ಮೂಲಪ್ರಶ್ನೆಯಲ್ಲ. ಹುಡುಗನು ತನ್ನನ್ನು ಹೆಣ್ಣೆಂದು ಅರಿತುಕೊಂಡದ್ದು ಒಲವಿನ ಫಲವಲ್ಲ. ಒಲಿಯಲು ಎದುರಿಗೆ ಯಾರೂ ಇಲ್ಲದಿದ್ದರೂ ಆ ಅರಿವು ಇರುತ್ತಿತ್ತು.

ಗ್ರಂಥದ ಹೆಸರೇ ಒಂದು ವಿಚಾರ. ಅದನ್ನು ಕೇಳಿದೊಡನೆ ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವು ಕನ್ನಡಿಗರ ನೆನಪಿಗೆ ಬರುವದು. ಹೊರಗಿನ ಚಿಹ್ನೆಗಳನ್ನು ಕಂಡು ಜನರು ಹೆಣ್ಣು ಗಂಡೆಂದು ಹೆಸರಿಡುವರು, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂಬುದು ಆ ವಚನದ ತಾತ್ಪರ್ಯ. ಆದರೆ ಇಲ್ಲಿ ಆತ್ಮವಿದ್ದ ಸ್ಥಾನದಲ್ಲಿ ಹೆಣ್ಣು ಬಂದು ನಿಂತಿದ್ದಾಳೆ. ದಾಸಿಮಯ್ಯನು ಭೇದವನ್ನು ನಿರಾಕರಿಸುವಲ್ಲಿ ಮಂಜಮ್ಮನವರು ತಮ್ಮ ಭೇದವನ್ನು ಸ್ಥಾಪಿಸುತ್ತಾರೆ. ಇದು ವಚನಕ್ಕೆ ವಿರೋಧವೆಂದು ತಿಳಿಯಬೇಕಾಗಿಲ್ಲ. ದೇಹಚಿಹ್ನೆಯು ಕಡೆಯ ಪ್ರಮಾಣವಲ್ಲವೆಂಬಲ್ಲಿ ಇಬ್ಬರೂ ಒಂದೇ. ಆ ಪ್ರಮಾಣವನ್ನು ಬದಿಗಿಟ್ಟ ಮೇಲೆ ಶರಣನು ನಿರ್ಲಿಂಗವಾದ ಆತ್ಮವನ್ನು ಕಂಡನು. ಜೋಗತಿಯು ತನ್ನೊಳಗಿನ ಹೆಣ್ಣನ್ನು ಕಂಡಳು.

ಎರಡು ಗ್ರಂಥಗಳ ಭೇದವು ವ್ಯಾಕರಣದಲ್ಲಿಯೂ ಮೂಡಿರುವದನ್ನು ವಾಚಕರು ಗಮನಿಸಬೇಕು. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ‘ದಾರ’ ಶಬ್ದವು ಪುಲ್ಲಿಂಗ, ‘ಕಲತ್ರ’ವು ನಪುಂಸಕ, ‘ಪತ್ನೀ’ ಶಬ್ದವು ಸ್ತ್ರೀಲಿಂಗ. ಅಲ್ಲಿ ಶಬ್ದದ ಲಿಂಗಕ್ಕೂ ವ್ಯಕ್ತಿಯ ಲಿಂಗಕ್ಕೂ ನಿಯತವಾದ ಸಂಬಂಧವಿಲ್ಲ. ಕನ್ನಡದಲ್ಲಿ ಹಾಗಲ್ಲ, ಲಿಂಗವು ಅರ್ಥವನ್ನು ಅನುಸರಿಸುವದೆಂಬುದು ಕೇಶಿರಾಜನ ಮತ. ಆದಕಾರಣ ‘ಬಂದನು’, ‘ಬಂದಳು’ ಎನ್ನುವಾಗಲೆಲ್ಲ ಕನ್ನಡಿಗನು ಒಂದು ನಮೂನೆಯನ್ನು ತುಂಬುತ್ತಲೇ ಇರುವನು. ವಸುಧೇಂದ್ರರು ಮೋಹನಸ್ವಾಮಿಯನ್ನು ‘ಅವನು’ ಎಂದು ಕರೆಯುವಾಗ, ಒಲವು ಎಲ್ಲಿದ್ದರೂ ಇವನು ಗಂಡಸೇ ಎಂದು ಪ್ರತಿಯೊಂದು ಕ್ರಿಯಾಪದವೂ ಸಾಕ್ಷಿ ನುಡಿಯುವದು. ಆತ್ಮಕಥನದ ರೀತಿ ಬೇರೆ. ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ‘ನಾನು ಬಂದೆ’ ಎಂದೊಡನೆ ಹೇಳುವವರು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಿಂದಲೇ ಹೊರಬೀಳುವದು. ಕನ್ನಡದ ‘ಬಂದೆನು’ ಎಂಬುದಕ್ಕೆ ಲಿಂಗವಿಲ್ಲ. ತನ್ನನ್ನು ತಾನು ಹೇಳಿಕೊಳ್ಳುವಾಗ ಕನ್ನಡವು ಯಾರನ್ನೂ ಯಾವ ಅಂಕಣಕ್ಕೂ ತಳ್ಳುವದಿಲ್ಲ. ಹೀಗಾಗಿ ಮಂಜಮ್ಮನವರು ತಾವು ಹೆಣ್ಣೆಂಬುದನ್ನು ಪ್ರತ್ಯಯದಿಂದ ಹೇಳಲಾರರು. ಸೀರೆ, ಹೆಸರು, ಹಾಡು, ಕುಣಿತಗಳಿಂದ ಹೇಳಬೇಕಾಯಿತು. ಅಪ್ಪನನ್ನು ಒಳಗಿಟ್ಟುಕೊಂಡ ‘ಜೋಗಪ್ಪ’ ಎಂಬ ರೂಢಿಯ ಶಬ್ದವನ್ನು ಬಿಟ್ಟು ‘ಜೋಗತಿ’ ಎಂಬುದನ್ನು ಹೆಸರಿಗೆ ಸೇರಿಸಿಕೊಂಡದ್ದರ ಮರ್ಮವೂ ಇದೇ.

ವೇಷವೇ ಪ್ರಮಾಣವೆನ್ನುವಂತೆಯೂ ಇಲ್ಲ. ವಿರಾಟನಗರಿಯ ಬೃಹನ್ನಳೆಯು ಅರ್ಜುನನೆಂಬುದು ಮಕ್ಕಳಿಗೂ ಗೊತ್ತು. ದೊಡ್ಡಾಟದಲ್ಲಿ ಸ್ತ್ರೀಪಾತ್ರವನ್ನು ಹಾಕಿದವನು ಬೆಳಗಾದ ಮೇಲೆ ಹೊಲಕ್ಕೆ ಹೋಗಿ ಮಡಕೆ ಹೊಡೆಯುವನು. ವೇಷ, ಸ್ವರೂಪ, ಒಲವು ಮೂರೂ ಬೇರೆ. ‘ಪುರುಷನಲ್ಲಿ ಒಲವಿರುವದರಿಂದ ಇವನು ಹೆಣ್ಣೇ’ ಎಂಬ ಅನುಮಾನವು ಮೋಹನಸ್ವಾಮಿಯಲ್ಲಿ ವ್ಯಭಿಚರಿಸುವದು. ‘ಹೆಣ್ಣೆಂದುಕೊಂಡಿರುವದರಿಂದ ಇವಳಿಗೆ ಪುರುಷನೇ ಬೇಕು’ ಎಂಬುದೂ ಹಾಗೆಯೇ; ಹೆಣ್ಣಾಗಿ ಬಾಳುವವರಲ್ಲಿ ಹೆಣ್ಣನ್ನು ಒಲಿಯುವವರೂ ಉಂಟು, ಯಾರನ್ನೂ ಒಲಿಯದವರೂ ಉಂಟು. ಎರಡೂ ಹೇತ್ವಾಭಾಸಗಳು.

ಇದು ಬರಿಯ ಪಂಡಿತರ ಚರ್ಚೆಯಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಹೋದವು. ಬೇರೆಬೇರೆ ಉತ್ತರಗಳನ್ನು ಪಡೆದವು. 2013ರ ಡಿಸೆಂಬರ 11ರಂದು, ‘ಮೋಹನಸ್ವಾಮಿ’ಯು ಪ್ರಕಟವಾದ ವರ್ಷದಲ್ಲಿಯೇ, ದಂಡಸಂಹಿತೆಯ 377ನೆಯ ಕಲಮು ಸಿಂಧುವೆಂದು ತೀರ್ಪಾಯಿತು, ಮೋಹನಸ್ವಾಮಿಯಂಥವರ ಕೂಟವು ಅಪರಾಧವಾಗಿ ಉಳಿಯಿತು. ಸುಮಾರು ನಾಲ್ಕು ತಿಂಗಳ ಬಳಿಕ, 2014ರ ಏಪ್ರಿಲ 15ರಂದು, ತನ್ನ ಲಿಂಗವನ್ನು ತಾನೇ ನಿಶ್ಚಯಿಸಿಕೊಳ್ಳುವ ಹಕ್ಕು ಮನುಷ್ಯನಿಗುಂಟೆಂದು ಅದೇ ನ್ಯಾಯಾಲಯವು ಹೇಳಿತು. ಜೋಗತಿಗೆ ಬಾಗಿಲು ತೆರೆಯಿತು, ಮೋಹನಸ್ವಾಮಿಗೆ ಮುಚ್ಚಿಯೇ ಇತ್ತು. ಆ ಎರಡನೆಯ ತೀರ್ಪಿನಲ್ಲಿ ಲಿಂಗದ ಅರಿವು, ಒಲವು ಎರಡನ್ನೂ ಪ್ರತ್ಯೇಕವಾಗಿ ವಿವರಿಸಿದ್ದರೂ ಗೊಂದಲವು ಉಳಿದು, ಸರಕಾರವು ಸ್ಪಷ್ಟೀಕರಣವನ್ನು ಬೇಡಬೇಕಾಯಿತು. ಸಲಿಂಗಪ್ರೇಮಿಗಳು ಆ ವರ್ಗದಲ್ಲಿ ಸೇರುವದಿಲ್ಲವೆಂದು 2016ರ ಜೂನ 30ರಂದು ನ್ಯಾಯಾಲಯವು ತಿಳಿಸಿತು. ಪ್ರೌಢರ ಸಮ್ಮತಿಯ ಒಲವು ಅಪರಾಧವಲ್ಲವೆಂಬ ತೀರ್ಪು ಬಂದದ್ದು 2018ರ ಸಪ್ಟಂಬರ 6ರಂದು. ಪ್ರಶ್ನೆಗಳು ಒಂದೇ ಆಗಿದ್ದರೆ ಈ ನಾಲ್ಕು ವರ್ಷಗಳ ಅಂತರಕ್ಕೆ ಅರ್ಥವೇ ಇರುತ್ತಿರಲಿಲ್ಲ.

2011ರ ಜನಗಣತಿಯಲ್ಲಿ ಗಂಡಿಗೆ 1, ಹೆಣ್ಣಿಗೆ 2, ‘ಇತರೆ’ಗೆ 3 ಎಂದು ಸಂಕೇತಗಳಿದ್ದವು. ‘ಇತರೆ’ ಎಂದು ಎಣಿಕೆಯಾದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಈ ‘ಇತರೆ’ಯೊಳಗೆ ಜೋಗತಿ ಯಾರು, ಹುಟ್ಟಿನಿಂದಲೇ ದೇಹಲಕ್ಷಣವು ಭಿನ್ನವಾಗಿದ್ದವರು ಯಾರು ಎಂಬುದನ್ನು ಆ ಅಂಕಿಗಳು ಹೇಳವು. ಕನ್ನಡದ ಪತ್ರಿಕೆಗಳ ಭಾಷೆಯೂ ಬಹುಕಾಲ ಹೀಗೆಯೇ ಇತ್ತು. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಒಂದೇ ಮೂಟೆಯಲ್ಲಿ ಎಲ್ಲರನ್ನೂ ಕಟ್ಟಲಾಗುತ್ತಿತ್ತು. ಈಚೆಗೆ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಶಬ್ದವು ಬಳಕೆಗೆ ಬಂದಿರುವದು ಸಂತೋಷದ ವಿಷಯ. ‘ಲಿಂಗತ್ವ’ವು ಆಶ್ರಯವನ್ನು ಹೇಳಲಿ, ಆಲಂಬನವನ್ನು ಹೇಳಲು ‘ಒಲವು’ ಎಂಬ ಅಚ್ಚಗನ್ನಡದ ಮಾತು ಸಾಕು.

ಇಬ್ಬರ ಸಂಕಟವೂ ಸಮಾನವಾಗಿರುವಾಗ ಅವರನ್ನು ಏಕೆ ಬೇರ್ಪಡಿಸಬೇಕೆಂದು ಕೆಲವರು ಆಕ್ಷೇಪಿಸಬಹುದು. ಸಂಕಟದಲ್ಲಿ ಕೂಡಿ ನಡೆಯುವದು ಯುಕ್ತವೇ. ತಳಕಲ್ಲಿನ ನಿಲ್ದಾಣದಲ್ಲಿ ಎರಡು ಹಾದಿಗಳು ಕೂಡುವವು. ಕೂಡಿದ ಮಾತ್ರಕ್ಕೆ ಹೊಸಪೇಟೆಯ ಹಳಿಯು ಕುಷ್ಟಗಿಯ ಹಳಿಯಾಗುವದಿಲ್ಲ. ಅದನ್ನರಿಯದೆ ಬಂಡಿ ಹತ್ತಿದವನು ಬೇಡವಾದ ಊರಿನಲ್ಲಿ ಇಳಿಯುವನು. ಗಂಡಸನ್ನು ಒಲಿದ ಹುಡುಗನಿಗೆ ‘ನೀನು ಗಂಡಸಲ್ಲ’ ಎಂದು ಹೇಳುವ ಮನೆಯೂ, ಹೆಣ್ಣೆಂದು ತನ್ನನ್ನು ಅರಿತ ಮಗುವಿಗೆ ‘ಇದು ಕೆಟ್ಟ ಚಟ’ ಎಂದು ಹೇಳುವ ಮನೆಯೂ ಅಂಥ ತಪ್ಪು ಬಂಡಿಯನ್ನೇ ಹತ್ತಿಸುತ್ತವೆ. ನಮೂನೆಗಳನ್ನು ರಚಿಸುವವರು ಎರಡನ್ನೂ ತಿಳಿಯಬೇಕಾದರೆ ಎರಡು ಅಂಕಣಗಳನ್ನು ಇಡಲಿ. ತಿಳಿಯಬೇಕಾದ ಕೆಲಸವಿಲ್ಲದಿದ್ದರೆ ಕೇಳದೆ ಇರಲಿ. ಮನೆಯ ಹಿರಿಯರಿಗೆ ಇಂಥ ನಮೂನೆಯ ಅವಶ್ಯಕತೆಯಿಲ್ಲ. ಮಕ್ಕಳು ‘ನಾನು’ ಎಂದು ಮಾತು ತೆಗೆದಾಗ, ಕನ್ನಡದ ಕ್ರಿಯಾಪದದಂತೆ, ಆ ಮಾತು ಮುಗಿಯುವ ವರೆಗೆ ಕಾದು ಕೇಳಿದರೆ ಸಾಕು.