ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳ ಬಗ್ಗೆ ಒಂದು ತಕರಾರು

ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹುಡುಕಿ ಹುಡುಕಿ ಕೂಡಿಡುವವರು ಇದ್ದಾರೆ ಅಂದರೆ ಮೊದಲು ಎಲ್ಲರೂ ನಗುತ್ತಾರೆ. ನಗೋ ಮುಂಚೆ ಒಂದು ಸಲ ನಮ್ಮ ಟೇಬಲ್ ನೋಡಿಕೊಳ್ಳೋಣ. ಮೆಕ್ಯಾನಿಕಲ್ ಕೀಬೋರ್ಡಿನ ಟಕಟಕ ಸದ್ದಿಗೆ ಅರ್ಧ ತಿಂಗಳ ಸಂಬಳ ಸುರಿದವರು, ಮನೆಯಲ್ಲಿ ಪ್ಲೇಯರ್ ಇಲ್ಲದೆಯೂ ಎಲ್‌ಪಿ ರೆಕಾರ್ಡ್ ಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫಾಕ್ಸ್ ಥಿಯೇಟರಿನ ಆರ್ಗನ್ ನುಡಿಸುತ್ತಿದ್ದ ಸ್ಟ್ಯಾನ್ ಕಾನ್ ಅನ್ನುವವರಿಗೆ ಈ ಯಂತ್ರಗಳದ್ದೇ ಹುಚ್ಚು. ಅವುಗಳನ್ನು ಹೊತ್ತುಕೊಂಡು ಜಾನಿ ಕಾರ್ಸನ್‌ನ ಟೀವಿ ಶೋಗೆ ಹತ್ತಾರು ಸಲ ಹೋಗಿಬಂದರು. ಮಿಸೌರಿ ರಾಜ್ಯದ ಸೇಂಟ್ ಜೇಮ್ಸ್ ಅನ್ನೋ ಪುಟ್ಟ ಊರಲ್ಲಿ ಇದಕ್ಕೇ ಅಂತ ಒಂದು ಮ್ಯೂಸಿಯಂ ಆಯಿತು. ಹಾಗಾಗಿ ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ಏನನ್ನು ಕೂಡಿಡುತ್ತಾರೆ, ಏನನ್ನು ಗುಜರಿಗೆ ಬಿಡುತ್ತಾರೆ ಅನ್ನೋದರ ಬಗ್ಗೆ ಇದೆ.

ಕಲೆಕ್ಟರ್‌ಗಳ ಶೆಲ್ಫಿನಲ್ಲಿ ಗೌರವದ ಜಾಗ ಯಾರಿಗೆ ನೋಡಿ. ಹೆನ್ರಿ ಡ್ರೈಫಸ್ ವಿನ್ಯಾಸ ಮಾಡಿದ 1936ರ ಹೂವರ್ 150. ಲುರೆಲ್ ಗಿಲ್ಡ್ ರೂಪಿಸಿದ 1937ರ ಎಲೆಕ್ಟ್ರೋಲಕ್ಸ್, ಸ್ಲೆಡ್ಜ್ ಗಾಡಿಯ ಹಾಗೆ ಜಾರುವ, ರೈಲ್ವೆ ಇಂಜಿನ್ನಿನ ಥರ ನುಣುಪಾದ ಮೈಯದ್ದು. ಆಮೇಲೆ 1950ರ ದಶಕದ ಹೂವರ್ ಕಾನ್‌ಸ್ಟೆಲೇಶನ್: ತಾನೇ ಹೊರಬಿಟ್ಟ ಗಾಳಿಯ ಮೇಲೆ ತೇಲುವ ಗುಂಡು ಗ್ರಹ. ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಇವೆಲ್ಲ ಮನೆಗೆ ಅಂತ ಮಾಡಿದವು. ಹೋಟೆಲು, ಶಾಲೆ, ಆಸ್ಪತ್ರೆ, ಆಫೀಸುಗಳಲ್ಲಿ ದಿನಕ್ಕೆ ಆರೆಂಟು ಗಂಟೆ ಅರಚಿಕೊಂಡು ದುಡಿದ ಕಮರ್ಷಿಯಲ್ ಯಂತ್ರಗಳು ಮೂಲೆಯಲ್ಲಿ ಒಂದೆರಡು ಇದ್ದರೆ ಹೆಚ್ಚು. ಈ ಶೆಲ್ಫನ್ನೇ ಇತಿಹಾಸ ಅಂತ ಓದಿದರೆ, ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೇ ಗೃಹಿಣಿಯ ಕೈಯಲ್ಲಿ, ಉಳಿದ ಕಡೆಗೆಲ್ಲ ಆಮೇಲೆ ಹೋಯಿತು ಅನ್ನಿಸುತ್ತೆ. ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ.

1901ರ ಲಂಡನ್. ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಇಂಜಿನಿಯರ್, ಸೇತುವೆ ಮತ್ತು ದೈತ್ಯ ಜಯಂಟ್ ವೀಲ್‌ಗಳನ್ನು ಕಟ್ಟಿದ ಆಸಾಮಿ, ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಒಂದು ಡೆಮೋ ನೋಡುತ್ತಾನೆ. ಗಾಳಿ ಊದಿ ಧೂಳು ಎಬ್ಬಿಸುವ ಯಂತ್ರ. ಎದ್ದ ಧೂಳು ಪಕ್ಕಕ್ಕೆ ಹೋಗಿ ಕೂರುತ್ತಿತ್ತು, ಅಷ್ಟೇ. ಊದೋ ಬದಲು ಹೀರಬಾರದಾ ಅಂತ ಬೂತ್‌ಗೆ ಹೊಳೆಯಿತು. ಒಂದು ರೆಸ್ಟೋರೆಂಟಿನಲ್ಲಿ ಕುರ್ಚಿಯ ಮೆತ್ತೆ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರು ಎಳೆದುಕೊಂಡನಂತೆ. ಕೆಮ್ಮಿ ಕೆಮ್ಮಿ ಸಾಕಾಯಿತು, ಆದರೆ ಬಟ್ಟೆಯ ಆಚೆ ಬದಿಯಲ್ಲಿ ಧೂಳಿನ ಕಪ್ಪು ಗುರುತು ಮೂಡಿತ್ತು. ಗಾಳಿ ಒಳಗೆ ಬರಬೇಕು, ಧೂಳು ಬಟ್ಟೆಯಲ್ಲೇ ನಿಲ್ಲಬೇಕು. ಇವತ್ತಿನ ಬ್ಯಾಗ್ ಇರುವ ಕ್ಲೀನರ್‌ಗಳೂ ಇದನ್ನೇ ಮಾಡೋದು.

ಅದೇ ವರ್ಷ ಆಗಸ್ಟ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆದರೆ ಬೂತ್ ಶುರುವಿನಲ್ಲಿ ಮನೆಗಳಿಗೆ ಮಾರಿದ್ದು ಯಂತ್ರವನ್ನಲ್ಲ, ಸೇವೆಯನ್ನು. ಪೆಟ್ರೋಲ್ ಇಂಜಿನ್, ಪಂಪು, ಫಿಲ್ಟರ್ ಎಲ್ಲ ಸೇರಿ ಅದೊಂದು ಕುದುರೆ ಗಾಡಿಯಷ್ಟು ದೊಡ್ಡದು, ಬಂದದ್ದೂ ಕುದುರೆ ಎಳೆದುಕೊಂಡೇ. ಮನೆ ಮುಂದೆ ನಿಲ್ಲಿಸಿ, ಕಿಟಕಿಯಿಂದ ಉದ್ದುದ್ದ ಪೈಪು ಒಳಗೆ ಬಿಟ್ಟು, ಸಮವಸ್ತ್ರ ತೊಟ್ಟ ಕೆಲಸಗಾರರು ಕಾರ್ಪೆಟ್ ಎಲ್ಲ ಹೀರಿ ಬಿಲ್ಲು ಕೊಟ್ಟು ಹೋಗೋರು. ಈಗಿನ ಭಾಷೆಯಲ್ಲಿ ಹೇಳಬೇಕಂದರೆ ಆ್ಯಪ್ ಇಲ್ಲದ ಹೋಮ್ ಕ್ಲೀನಿಂಗ್ ಸರ್ವಿಸ್. ಸದ್ದಿಗೆ ಬೀದಿಯ ಕುದುರೆಗಳು ಬೆದರಿ ಗಾಡಿಯವರು ಪರಿಹಾರ ಕೇಳಿ ಕೋರ್ಟಿಗೆ ಹೋದದ್ದೂ ಇದೆ. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಸ್ವಚ್ಛ ಮಾಡಿದ ಮೇಲೆ ಅರಮನೆಯಿಂದಲೇ ಆರ್ಡರ್ ಬಂತು. ಶ್ರೀಮಂತ ಹೆಂಗಸರು ಈ ಶುಚಿಕಾರ್ಯ ನೋಡೋಕೆ ಗೆಳತಿಯರನ್ನು ಚಹಾಕ್ಕೆ ಕರೆಯೋರು. ಅವರಿಗಾಗಿಯೇ ಪೈಪಿನ ಒಂದು ಭಾಗವನ್ನು ಪಾರದರ್ಶಕ ಮಾಡಿದ್ದರು, ತಮ್ಮ ಮನೆಯ ಕೊಳೆ ಓಡೋದನ್ನು ಕಣ್ಣಾರೆ ಕಾಣಲಿ ಅಂತ. ಡೈಸನ್‌ನವರು 1993ರಲ್ಲಿ ಪಾರದರ್ಶಕ ಡಬ್ಬಿ ಇಟ್ಟಾಗ ಜಗತ್ತು ಹೊಸದೇನೋ ಕಂಡವರ ಹಾಗೆ ಕುಣಿಯಿತು, ಇರಲಿ. ಆ ಪೈಪು ಹಿಡಿದವರ ಬಗ್ಗೆ ಏನಾದರೂ ಗೊತ್ತಾ ಅಂತ ಕೇಳಿ ನೋಡಿ. ಬೂತ್‌ನ ಕರವಸ್ತ್ರದ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ಕೆಲಸಗಾರರದ್ದು ಒಂದು ಗ್ರೂಪ್ ಫೋಟೋದಷ್ಟೇ.

ಅಮೆರಿಕದ ಕಥೆ ಇನ್ನೂ ಚುಚ್ಚುತ್ತೆ. ಜೇಮ್ಸ್ ಮರ‍್ರೆ ಸ್ಪ್ಯಾಂಗ್ಲರ್ ಒಹಾಯೋದ ಕ್ಯಾಂಟನ್ ಊರಲ್ಲಿ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಜಾಡಮಾಲಿ. ವಯಸ್ಸಾಗಿತ್ತು, ಆಸ್ತಮಾ ಇತ್ತು, ಕಾರ್ಪೆಟ್ ಗುಡಿಸಿದರೆ ಉಸಿರು ಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆ ಕಡ್ಡಿ, ದಿಂಬಿನ ಕವರು, ಇಷ್ಟನ್ನು ಜೋಡಿಸಿ ಒಂದು ಯಂತ್ರ ಮಾಡಿಕೊಂಡ. ಜೂನ್ 1908ರಲ್ಲಿ ಪೇಟೆಂಟ್ ಸಿಕ್ಕಿತು. ಹಣ ಇರಲಿಲ್ಲ. ಚರ್ಮದ ಸರಂಜಾಮು ಮಾಡುತ್ತಿದ್ದ ವಿಲಿಯಂ ಹೂವರ್ ಅದನ್ನು ಕೊಂಡುಕೊಂಡ. ಸ್ಪ್ಯಾಂಗ್ಲರ್‌ನನ್ನು ಕಂಪನಿಯಲ್ಲೇ ಇಟ್ಟುಕೊಂಡರು, ರಾಯಲ್ಟಿ ಕೊಟ್ಟರು, ಅದನ್ನೂ ಹೇಳಬೇಕು. 1915ರಲ್ಲಿ ಅವನು ತೀರಿಕೊಂಡ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಹೂವರ್’ ಅನ್ನೋದು ಕ್ರಿಯಾಪದವೇ ಆಗಿಹೋಯಿತು. ನಾರ್ತ್ ಕ್ಯಾಂಟನ್‌ನಲ್ಲಿ ಮ್ಯೂಸಿಯಂ ಆದದ್ದು ಹೂವರ್ ಹುಡುಗನಾಗಿದ್ದಾಗ ಇದ್ದ ಮನೆ. ಅಂದರೆ ಮನೆಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂಲಪುರುಷ ಒಬ್ಬ ಹೌಸ್‌ಕೀಪಿಂಗ್ ನೌಕರ, ಅವನು ಅದನ್ನು ಮಾಡಿದ್ದು ಅಂಗಡಿಯ ನೆಲಕ್ಕೆ. ತಮ್ಮ ಕೆಲಸದ ಕಷ್ಟಕ್ಕೆ ತಾವೇ ಟೂಲ್ ಬರೆದುಕೊಂಡು, ಕ್ರೆಡಿಟ್ಟು ಬೇರೆಯವರಿಗೆ ಹೋದದ್ದನ್ನು ನೋಡಿದ ಸಾಫ್ಟ್‌ವೇರ್ ಮಂದಿಗೆ ಇದನ್ನು ವಿವರಿಸಬೇಕಿಲ್ಲ.

ಮನೆಗೆ ಹೋದ ಮೇಲೆ ಯಂತ್ರ ಏನು ಮಾಡಿತು ಅನ್ನೋದನ್ನು ರೂತ್ ಶ್ವಾರ್ಟ್ಸ್ ಕವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಬರೆದಿದ್ದಾರೆ. ಮುಂಚೆ ವರ್ಷಕ್ಕೆ ಒಂದೆರಡು ಸಲ ಗಂಡಸರು, ಮಕ್ಕಳು, ಆಳುಗಳು ಸೇರಿ ಕಾರ್ಪೆಟ್ ಹೊರಗೆ ಹಾಕಿ ಬಡಿಯುತ್ತಿದ್ದರು. ಯಂತ್ರ ಬಂದಮೇಲೆ ಉಳಿದವರೆಲ್ಲ ಕೈತೊಳೆದುಕೊಂಡರು, ಹೆಂಡತಿ ಒಬ್ಬಳೇ ವಾರವಾರ ಎಳೆಯೋದಾಯಿತು. ಶುಚಿತ್ವದ ಗುರಿ ಮೇಲೇರಿತು, ದುಡಿಮೆಯ ಸಮಯ ಇಳಿಯಲಿಲ್ಲ. ಹೂವರ್ 150ರ ಮುಂದೆ ನಿಂತು ಡ್ರೈಫಸ್‌ನ ರೇಖೆಗಳನ್ನು ಹೊಗಳುವವರು ಈ ಪುಸ್ತಕವನ್ನೂ ಓದಿದ್ದರೆ ಚೆನ್ನಾಗಿತ್ತು.

ಈಗ ಸಂಗ್ರಹದ ರುಚಿಗೆ ಬರೋಣ. ಕಲೆಕ್ಟರ್ ಕಣ್ಣಲ್ಲಿ ಅತಿ ಬೆಲೆಬಾಳುವ ಯಂತ್ರ ಯಾವುದು? ಡಬ್ಬಿಯಿಂದ ತೆಗೆಯದ್ದು. ಒರಿಜಿನಲ್ ಬ್ಯಾಗು, ಕ್ರೋಮ್‌ನ ಹೊಳಪು, ಬೇಕಲೈಟಿನಲ್ಲಿ ಬಿರುಕಿಲ್ಲ. ಅಂದರೆ ಯಾರೂ ಬಳಸದ ಯಂತ್ರ, ಅಥವಾ ಆಳಿನ ಕೈಗೆ ಬಿಟ್ಟು ಹದವಾಗಿ ಬಳಸಿದ್ದು. ಇದು ಮಾರುಕಟ್ಟೆಯ ತರ್ಕ, ಸರಿಯೇ. ಆದರೆ ಈ ತರ್ಕದಲ್ಲಿ ಹೆಚ್ಚು ದುಡಿದದ್ದಕ್ಕೆ ಕಡಿಮೆ ಬೆಲೆ. ಹೋಟೆಲಿನ ಯಂತ್ರದ ಹಣೆಬರಹ ಬೇರೆ. ಬೆಲ್ಟು ಹರಿಯುತ್ತೆ, ಮೋಟಾರಿನ ಕಾರ್ಬನ್ ಬ್ರಷ್ ಸವೆಯುತ್ತೆ, ವೈರು ಗೋಡೆ ಮೂಲೆಗೆ ಉಜ್ಜಿ ಉಜ್ಜಿ ಸಿಪ್ಪೆ ಬಿಡುತ್ತೆ. ಒಂದು ಕೆಟ್ಟಾಗ ಅದರ ಪಾರ್ಟು ಇನ್ನೊಂದಕ್ಕೆ. ಕೊನೆಗೆ ಮೂರು ಯಂತ್ರದ ಅಂಗ ಸೇರಿ ಒಂದು ಓಡುತ್ತಿರುತ್ತೆ. ಅದರಲ್ಲಿ ‘ಒರಿಜಿನಲ್’ ಹುಡುಕಿದರೆ ಸಿಗೋದಿಲ್ಲ.

ಸಿಕ್ಕ ಒಂದೆರಡನ್ನೂ ರೆಸ್ಟೋರ್ ಮಾಡೋ ರೀತಿ ನನಗೆ ಹಿಡಿಸಲ್ಲ. ಮೈಮೇಲೆ ಬಿಳಿ ಪೇಂಟಿನಲ್ಲಿ ಬರೆದ ವಾರ್ಡ್ ನಂಬರು, ಶಾಲೆಯ ಹೆಸರು, ಅಸೆಟ್ ಸ್ಟಿಕರು, ಹ್ಯಾಂಡಲಿಗೆ ಯಾರೋ ಕೈನೋವು ತಾಳಲಾರದೆ ಸುತ್ತಿದ ಬಟ್ಟೆ ಅಥವಾ ಟೇಪು, ಇವೇ ಮೊದಲು ಹೋಗುವುದು. ಪಾಲಿಶ್ ಹಾಕಿ ಮಿರಮಿರ ಮಾಡಿ ‘ಹೊಸದರ ಹಾಗಿದೆ’ ಅಂತಾರೆ. ಹಳೇ ಹಸ್ತಪ್ರತಿಯ ಅಂಚಿನ ಟಿಪ್ಪಣಿಯನ್ನು ಯಾರಾದರೂ ರಬ್ಬರಿನಿಂದ ಅಳಿಸಿದರೆ ನಾವು ಏನನ್ನುತ್ತೇವೆ? ಸುರಕ್ಷತೆಗೆ ವೈರು ಬದಲಿಸಬೇಕು, ಒಪ್ಪುತ್ತೇನೆ. ಹಳೇ ರಬ್ಬರ್ ಇನ್ಸುಲೇಶನ್ ಮುಟ್ಟಿದರೆ ಪುಡಿಯಾಗುತ್ತೆ, ಶಾಕ್ ಹೊಡೆದರೆ ಹವ್ಯಾಸದ ಜತೆ ಹವ್ಯಾಸಿಯೂ ಹೋಗುತ್ತಾನೆ. ಆದರೆ ಹ್ಯಾಂಡಲಿನ ಟೇಪು ಯಾರಿಗೂ ಶಾಕ್ ಹೊಡೆಯಲ್ಲ.

ಕಮರ್ಷಿಯಲ್ ಯಂತ್ರಗಳಲ್ಲಿ ಪ್ರೀತಿ ಗಿಟ್ಟಿಸಿಕೊಂಡದ್ದು ಅಂದರೆ ಹೆನ್ರಿ. ಇಂಗ್ಲೆಂಡಿನ ಸಾಮರ್ಸೆಟ್‌ನ ಚಾರ್ಡ್ ಊರಿನ ನ್ಯುಮ್ಯಾಟಿಕ್ ಕಂಪನಿಯದ್ದು. 1969ರಲ್ಲಿ ಕ್ರಿಸ್ ಡಂಕನ್ ಶುರು ಮಾಡಿದ ಈ ಕಂಪನಿ ವೃತ್ತಿಪರ ಶುಚಿಕಾರರಿಗೆ ಅಂತ ಗಟ್ಟಿ ಡ್ರಮ್ ಆಕಾರದ ಯಂತ್ರ ಮಾಡುತ್ತಿತ್ತು. ಲಿಸ್ಬನ್‌ನ ಒಂದು ಟ್ರೇಡ್ ಶೋನಲ್ಲಿ ಬೇಜಾರಾಗಿ ಯಂತ್ರಕ್ಕೆ ಟೋಪಿ ಇಟ್ಟು ನಗು ಬರೆದರಂತೆ, ಜನ ನಿಂತು ನೋಡಿದರಂತೆ. 1980ರ ಸುಮಾರಿಗೆ ಕೆಂಪು ಮೈ, ಕಪ್ಪು ಟೋಪಿ, ಎರಡು ಕಣ್ಣು, ಪೈಪೇ ಮೂಗಾಗಿರುವ ಹೆನ್ರಿ ಬಂದ. ಆಮೇಲೆ ಹಸಿರು ಜಾರ್ಜ್, ನೀಲಿ ಚಾರ್ಲ್ಸ್, ರೆಪ್ಪೆಗೂದಲು ಹಚ್ಚಿಕೊಂಡ ಗುಲಾಬಿ ಹೆಟ್ಟಿ. ಹೆಟ್ಟಿಯ ರೆಪ್ಪೆ ಬಗ್ಗೆ ಬರೆದರೆ ಅದೇ ಇನ್ನೊಂದು ಅಂಕಣವಾಗುತ್ತೆ, ಬಿಡಿ.

ಯಂತ್ರವಾಗಿ ಹೆನ್ರಿಗೆ ನನ್ನ ಪೂರ್ತಿ ಮಾರ್ಕ್ಸ್. ರಿಪೇರಿ ಸುಲಭ, ಪಾರ್ಟ್ ಸಿಗುತ್ತೆ, ವೈರನ್ನು ಕೈಯಿಂದಲೇ ತಿರುಗಿಸಿ ಸುತ್ತಬಹುದು, ಸ್ಪ್ರಿಂಗ್ ಮುರಿಯೋ ಭಯವಿಲ್ಲ. ಮುಖದ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. ರಾತ್ರಿ ಹನ್ನೊಂದಕ್ಕೆ ಖಾಲಿ ಕಟ್ಟಡದಲ್ಲಿ ಒಬ್ಬರೇ ಕೆಲಸ ಮಾಡುವಾಗ ಹಿಂದೆ ಹಿಂದೆ ಬರೋ ಒಂದು ನಗುಮುಖ ಒಳ್ಳೆಯದೇ ಇರಬಹುದು. ಆದರೆ ಆ ಕಟ್ಟಡದಲ್ಲಿ ಹೆಸರು ಎಲ್ಲರಿಗೂ ಗೊತ್ತಿರುವುದು ಯಂತ್ರದ್ದು. ಎಳೆಯುವವರದ್ದು ಕೇಳಿದರೆ ‘ಏಜೆನ್ಸಿಯವರು’ ಅನ್ನುತ್ತಾರೆ.

ಇದು ಬ್ರಿಟನ್ನಿನ ಮಾತು ಮಾತ್ರ ಅಂತ ಅಂದುಕೊಳ್ಳೋಕೆ ನಮ್ಮ ಟೆಕ್ ಪಾರ್ಕುಗಳು ಬಿಡಲ್ಲ. ರೆಡ್ ಆಕ್ಸೈಡ್, ಮೊಸಾಯಿಕ್ ನೆಲದ ಬೆಂಗಳೂರಿಗೆ ಪೊರಕೆ, ಒದ್ದೆ ಬಟ್ಟೆ ಸಾಕಿತ್ತು. 1982ರಲ್ಲಿ ಟಾಟಾ ಬಳಗದ ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸೇರಿ ಕಟ್ಟಿದ ಯುರೇಕಾ ಫೋರ್ಬ್ಸ್‌ನ ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು ಹಾಸಿಗೆಯಿಂದ ಧೂಳು ಹೀರಿ ತೋರಿಸುತ್ತಿದ್ದರು. ಬೂತ್‌ನ ಪಾರದರ್ಶಕ ಪೈಪಿನದೇ ಉಪಾಯ: ಕೊಳೆ ತೋರಿಸಿ ನಾಚಿಸೋದು. ಕೊಂಡ ಎಷ್ಟೋ ಮನೆಗಳಲ್ಲಿ ಅದು ಅಟ್ಟ ಸೇರಿತು. ಕಲೆಕ್ಟರ್‌ಗಳಿಗೆ ಮುಂದೊಂದು ದಿನ ‘ಮಿಂಟ್ ಕಂಡೀಶನ್’ನಲ್ಲಿ ಸಿಗೋದು ಇವೇ. ಕ್ಲೀನರಿಗೆ ದಿನದಿನ ಕೆಲಸ ಸಿಕ್ಕಿದ್ದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಆಫೀಸುಗಳು ಬಂದ ಮೇಲೆ. ನಾವು ಲಾಗೌಟ್ ಆದ ಮೇಲೆ ಬರೋ ಸದ್ದು ಅದು. ಕಾಲ್ ಮಧ್ಯೆ ಕೇಳಿಸಿದರೆ ಮ್ಯೂಟ್ ಒತ್ತುತ್ತೇವೆ.

ನಿಮಗೂ ಈ ಹುಚ್ಚು ಹಿಡಿದರೆ, ಅಮೆರಿಕನ್ ಯಂತ್ರಕ್ಕೆ ಆಸೆಪಟ್ಟು ಡಾಲರ್ ಸುರಿಯಬೇಡಿ. ಅದು 120 ವೋಲ್ಟಿನದು, ನಮ್ಮ 230ಕ್ಕೆ ಹಚ್ಚಿದರೆ ಹೊಗೆ ಬರುತ್ತೆ, ಟ್ರಾನ್ಸ್‌ಫಾರ್ಮರ್ ಬೇಕು. ಆಫೀಸು ಖಾಲಿ ಮಾಡುವಾಗ ಹೊರಬೀಳೋ ಸ್ಟೀಲ್ ಡ್ರಮ್ಮಿನ ಯಂತ್ರಗಳು ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತವೆ. ಒಂದು ತನ್ನಿ, ಮೊದಲು ವೈರು ಚೆಕ್ ಮಾಡಿಸಿ. ಆಮೇಲೆ ಆ ಫ್ಲೋರಿನಲ್ಲಿ ಅದನ್ನು ಎಳೆದವರು ಇನ್ನೂ ಅಲ್ಲೇ ಇದ್ದರೆ ಸ್ವಿಚ್ಚಿಗೆ ಟೇಪು ಯಾಕೆ ಸುತ್ತಿದ್ದು, ಚಕ್ರ ಯಾವಾಗ ಮುರಿದದ್ದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಹೊಟ್ಟೆಯೊಳಗೇ ಇಡಿ. ಬ್ಯಾಗ್ ಇರೋ ಜಾಗದಲ್ಲಿ ಬೇಡ, ಮೋಟಾರ್ ಮುಚ್ಚಳದ ಒಳಗೂ ಬೇಡ, ಬಿಸಿಗೆ ಸುಡುತ್ತೆ.